ಮಾಟದ ಮನೆ, ಬೆಳಕಿನ ಕಾಡು: ಕಿನ್ನರಕಥೆಯ ಒಪೆರಾದಲ್ಲಿ ರಂಗಸಜ್ಜಿಕೆಯನ್ನು ನೋಡುವ ಬಗೆ

ಹಾಡುಗಾರಿಕೆ, ವಾದ್ಯವೃಂದ, ಅಭಿನಯ ಮತ್ತು ದೃಶ್ಯಸಜ್ಜಿಕೆ ಈ ನಾಲ್ಕೂ ಒಂದೇ ಕಾಲಮಾನಕ್ಕೆ ಕಟ್ಟುಬಿದ್ದು ನಡೆಯುವ ಯುರೋಪಿನ ರಂಗಪ್ರಕಾರಕ್ಕೆ ಒಪೆರಾ ಎಂದು ಹೆಸರು. ಮಾಟ, ಮಾರುವೇಷ, ಶಾಪ, ವಿಮೋಚನೆಗಳಿಂದ ತುಂಬಿದ ಕಿನ್ನರಕಥೆಗಳನ್ನು ಎತ್ತಿಕೊಂಡ ಕೃತಿಗಳದ್ದೇ ಅದರಲ್ಲೊಂದು ದೊಡ್ಡ ಕವಲು. 1791ರಲ್ಲಿ ವಿಯೆನ್ನಾದಲ್ಲಿ ಮೊದಲು ರಂಗವೇರಿದ ಮೊಜಾರ್ಟನ ‘ಮಾಂತ್ರಿಕ ಕೊಳಲು’, 1893ರಲ್ಲಿ ವೈಮಾರ್ ನಗರ ಕಂಡ ಹುಂಪರ್‌ಡಿಂಕನ ‘ಹೆನ್ಸೆಲ್ ಮತ್ತು ಗ್ರೆಟೆಲ್’, 1901ರಲ್ಲಿ ಪ್ರಾಗ್‌ನ ರಾಷ್ಟ್ರೀಯ ರಂಗಮಂದಿರದಲ್ಲಿ ಹಾಡಲಾದ ದ್ವೊರ್ಜಾಕನ ‘ರುಸಾಲ್ಕಾ’ ಈ ಕವಲಿನ ಪ್ರಸಿದ್ಧ ಕೃತಿಗಳು. ಹೊಸದಾಗಿ ಇಂಥ ಪ್ರದರ್ಶನಗಳನ್ನು ನೋಡತೊಡಗಿದ ರಸಿಕರ ಕಣ್ಣು ಅರಮನೆ ಎಷ್ಟು ಭವ್ಯವಾಗಿದೆ, ಕಾಡು ಎಷ್ಟು ನಿಜವೆನಿಸುತ್ತದೆ ಎಂಬುದರ ಕಡೆಗೇ ಮೊದಲು ಹರಿಯುವುದು ಸಹಜ. ಆದರೆ ಕಿನ್ನರಕಥೆಯ ಜೀವವಿರುವುದು ಒಂದು ಇನ್ನೊಂದಾಗಿ ಮಾರ್ಪಡುವುದರಲ್ಲಿ. ಆ ಮಾರ್ಪಾಟಿಗೆ ಎಷ್ಟು ಹೊತ್ತು ಸಿಗಬೇಕೆಂಬುದನ್ನು ಸಂಗೀತಕಾರ ಸ್ವರಲಿಪಿಯಲ್ಲಿ ಮೊದಲೇ ಬರೆದಿಟ್ಟಿರುತ್ತಾನೆ. ಆದ್ದರಿಂದ ವಿನ್ಯಾಸಕನ ಕಸುಬು ಬಯಲಾಗುವುದು ನಿಂತ ದೃಶ್ಯದಲ್ಲಿ ಅಷ್ಟಾಗಿ ಅಲ್ಲ, ದೃಶ್ಯ ಬದಲಾಗುವ ಗಳಿಗೆಯಲ್ಲಿ.

ಕಣ್ಣೆದುರೇ ಬದಲಾಗುವ ರಂಗ

ಬದಲಾವಣೆಯನ್ನು ಪ್ರೇಕ್ಷಕರ ಕಣ್ಣಿಗೆ ಮರೆಮಾಡದೆ, ಅದನ್ನೇ ಒಂದು ಆಕರ್ಷಣೆಯಾಗಿ ತೋರಿಸುವ ಯಂತ್ರವಿದ್ಯೆ ಹದಿನೇಳನೆಯ ಶತಮಾನದ ಇಟಲಿಯಲ್ಲಿ ಬೆಳೆಯಿತು. ರಂಗದ ಎರಡೂ ಬದಿಗಳಲ್ಲಿ ಸಾಲಾಗಿ ನಿಲ್ಲುವ ಚಿತ್ರಿತ ಚೌಕಟ್ಟುಗಳಿಗೆ, ಅಂದರೆ ಸೈಡ್‌ವಿಂಗ್‌ಗಳಿಗೆ, ನೆಲದ ಸೀಳುಗಳ ಮೂಲಕ ಕೆಳಗಿಳಿಯುವ ಕಂಬಗಳನ್ನು ಜೋಡಿಸಿ, ನೆಲಮಾಳಿಗೆಯಲ್ಲಿ ಆ ಕಂಬಗಳನ್ನು ಗಾಲಿಗಳ ಮೇಲೆ ಕೂರಿಸಿ, ಎಲ್ಲ ಹಗ್ಗಗಳನ್ನೂ ಒಂದೇ ರಾಟೆಗೆ ಸುತ್ತುವ ವ್ಯವಸ್ಥೆಯನ್ನು ಜಾಕೊಮೊ ತೊರೆಲ್ಲಿ ವೆನಿಸ್‌ನಲ್ಲಿ ರೂಢಿಗೆ ತಂದನು. ರಾಟೆ ತಿರುಗಿದೊಡನೆ ಒಂದು ಜೋಡಿ ಚೌಕಟ್ಟು ಹಿಂದೆ ಸರಿದು ಇನ್ನೊಂದು ಜೋಡಿ ಮುಂದೆ ಬರುವುದರಿಂದ ಕೆಲವೇ ಕ್ಷಣಗಳಲ್ಲಿ ಕಾಡು ಅರಮನೆಯಾಗುತ್ತದೆ. 1766ರಲ್ಲಿ ಕಟ್ಟಿದ, ಸ್ಟಾಕ್‌ಹೋಮ್ ಸಮೀಪದ ಡ್ರೋಟ್ನಿಂಗ್‌ಹೋಮ್ ರಂಗಮಂದಿರದಲ್ಲಿ ಮರದ ಇಂಥ ಯಂತ್ರಗಳು ಇಂದಿಗೂ ಕೈಬಲದಿಂದಲೇ ನಡೆಯುತ್ತವೆ. ಇಂಗ್ಮಾರ್ ಬರ್ಗ್‌ಮನ್ 1975ರಲ್ಲಿ ‘ಮಾಂತ್ರಿಕ ಕೊಳಲನ್ನು’ ಚಿತ್ರವಾಗಿಸಿದಾಗ ಆ ರಂಗವನ್ನೇ ಸ್ಟುಡಿಯೋದಲ್ಲಿ ಮರುನಿರ್ಮಿಸಿಕೊಂಡರು.

‘ಮಾಂತ್ರಿಕ ಕೊಳಲಿನ’ ಪಠ್ಯವನ್ನು ಬರೆದು, ಹಕ್ಕಿ ಹಿಡಿಯುವ ಪಾಪಗೇನೋನ ಪಾತ್ರವನ್ನೂ ತಾನೇ ವಹಿಸಿದ ಶಿಕನೇಡರ್ ಒಂದು ನಾಟಕಶಾಲೆಯನ್ನು ನಡೆಸುವವನೂ ಆಗಿದ್ದುದರಿಂದ, ಯಂತ್ರಗಳ ಅನುಕೂಲ ನೋಡಿಯೇ ಅವನು ದೃಶ್ಯಗಳನ್ನು ಹೆಣೆದಿದ್ದನು. ಮುಂಭಾಗದ ಪರದೆಯೆದುರು ಇಬ್ಬರು ಮೂವರು ಹಾಡುವ ಕಿರುದೃಶ್ಯವೊಂದು ನಡೆಯುತ್ತಿರುವಾಗ ಅದರ ಹಿಂದೆ ದೇವಾಲಯದ ದೊಡ್ಡ ಸಜ್ಜಿಕೆ ಸಿದ್ಧವಾಗುತ್ತಿರುತ್ತದೆ. ರಸ್ತೆ ಸೀನಿನ ಪರದೆ ಇಳಿಬಿಟ್ಟು, ಹಾಸ್ಯಪಾತ್ರಗಳನ್ನು ಮುಂದೆ ಕಳುಹಿಸಿ, ಹಿಂದೆ ದರ್ಬಾರು ಸೀನನ್ನು ಹೂಡುತ್ತಿದ್ದ ಕನ್ನಡದ ಕಂಪನಿ ನಾಟಕಗಳ ಪದ್ಧತಿಯನ್ನು ಬಲ್ಲವರಿಗೆ ಇದು ಅಪರಿಚಿತವಲ್ಲ. ಯುರೋಪಿನ ಚೌಕಟ್ಟಿನ ರಂಗಮಂಚ ಮತ್ತು ಚಿತ್ರಿತ ಪರದೆಗಳು ಮುಂಬಯಿಯ ಪಾರ್ಸಿ ಕಂಪನಿಗಳ ಮೂಲಕವೇ ಬಹುಪಾಲು ಕರ್ನಾಟಕದ ವೃತ್ತಿರಂಗಭೂಮಿಗೆ ಬಂದುದರಿಂದ ಈ ಹೋಲಿಕೆಗೆ ಐತಿಹಾಸಿಕ ಬುಡವೂ ಉಂಟು.

ಇರುಳರಾಣಿಯ ಪ್ರವೇಶ

ಈ ಕಲೆಯನ್ನು ಹತ್ತಿರದಿಂದ ನೋಡಲು ‘ಮಾಂತ್ರಿಕ ಕೊಳಲಿನ’ ಮೊದಲ ಅಂಕದಲ್ಲಿ ಇರುಳರಾಣಿ ಕಾಣಿಸಿಕೊಳ್ಳುವ ಸಂದರ್ಭ ತಕ್ಕದ್ದು. ಬೆಟ್ಟಗಳು ಇಬ್ಭಾಗವಾಗಿ, ನಕ್ಷತ್ರಗಳಿಂದ ಅಲಂಕೃತವಾದ ಸಿಂಹಾಸನದಲ್ಲಿ ರಾಣಿ ಕಾಣಿಸಬೇಕೆಂದು ಪಠ್ಯ ಹೇಳುತ್ತದೆ. ಇದಕ್ಕಾಗಿ ಮೊಜಾರ್ಟ್ ಕೊಟ್ಟಿರುವುದು ಅರ್ಧ ನಿಮಿಷಕ್ಕೂ ಕಡಿಮೆಯಾದ ಒಂದು ವಾದ್ಯಭಾಗ. ತಂತಿವಾದ್ಯಗಳು ತಾಳದ ಪೆಟ್ಟನ್ನು ತಪ್ಪಿಸಿ ತಪ್ಪಿಸಿ ಮಿಡಿಯುತ್ತ, ಮೆಲ್ಲಗೆ ಹೊರಟು ಏರುತ್ತ ಹೋಗಿ, ರಾಣಿಯ ಮೊದಲ ಮಾತಿಗೆ ದಾರಿಬಿಟ್ಟು ನಿಲ್ಲುತ್ತವೆ. ರಾಣಿ ಬೇಗ ಕಂಡುಬಿಟ್ಟರೆ ಆ ಏರಿಕೆ ವ್ಯರ್ಥ. ತಡವಾಗಿ ಕಂಡರೆ ಕೇಳುವವರ ಗಮನ ಅವಳ ದನಿಯನ್ನು ಬಿಟ್ಟು ಸಿಂಹಾಸನದತ್ತ ಓಡುತ್ತದೆ.

ವಾಸ್ತುಶಿಲ್ಪಿ ಕಾರ್ಲ್ ಫ್ರೆಡ್ರಿಕ್ ಶಿಂಕೆಲ್ 1816ರ ಬರ್ಲಿನ್ ಪ್ರದರ್ಶನಕ್ಕೆ ಬರೆದ ದೃಶ್ಯದಲ್ಲಿ ಕಡುನೀಲಿಯ ಗುಮ್ಮಟವೊಂದು ರಂಗವನ್ನೆಲ್ಲ ಆವರಿಸಿದೆ. ಅದರ ಮೇಲಿನ ನಕ್ಷತ್ರಗಳು ನಿಜವಾದ ಆಕಾಶದಲ್ಲಿರುವಂತೆ ಚೆದುರಿರದೆ, ಗುಮ್ಮಟದ ಪಕ್ಕೆಲುಬುಗಳ ಗುಂಟ ಸಾಲುಗಟ್ಟಿ ಮೇಲೇರುತ್ತವೆ. ಬುಡದ ಮೋಡಗಳ ನಡುವೆ ಬಾಗಿದ ಚಂದ್ರಕಲೆಯ ಮೇಲೆ ರಾಣಿ ಒಂಟಿಯಾಗಿ, ತೀರ ಚಿಕ್ಕವಳಾಗಿ ನಿಂತಿದ್ದಾಳೆ. ಆಕಾಶಕ್ಕೆ ಕಟ್ಟಡದ ಶಿಸ್ತನ್ನು ತೊಡಿಸಿದ ಶಿಂಕೆಲ್, ಈ ರಾಣಿ ಬರಿಯ ಮಾಟಗಾತಿಯಲ್ಲ, ಒಂದು ರಾಜ್ಯವನ್ನೇ ಆಳುವವಳು ಎಂಬುದನ್ನು ಒಂದು ಮಾತೂ ಇಲ್ಲದೆ ತಿಳಿಸುತ್ತಾನೆ. 1994ರಲ್ಲಿ ಬರ್ಲಿನ್ನಿನ ಸರ್ಕಾರಿ ಒಪೆರಾ ಈ ವಿನ್ಯಾಸಗಳನ್ನು ಆಧರಿಸಿಯೇ ಹೊಸ ಪ್ರದರ್ಶನವೊಂದನ್ನು ಕಟ್ಟಿತು.

ಜಾಲರಿ ಪರದೆ ಮತ್ತು ಬೆಳಕಿನ ಚಿತ್ರ

ಚಿತ್ರಿತ ಚೌಕಟ್ಟುಗಳನ್ನು ಸರಿಸುವುದರ ಜೊತೆಗೆ, ಬೆಳಕಿನಿಂದಲೇ ದೃಶ್ಯವನ್ನು ಕರಗಿಸುವ ಇನ್ನೊಂದು ವಿಧಾನವಿದ್ದು, ಅದರ ಮುಖ್ಯ ಸಾಧನ ಗಾಜ್ ಪರದೆ. ಗಾಯಕ್ಕೆ ಕಟ್ಟುವ ಬಟ್ಟೆಯಂತೆ ಸೂಕ್ಷ್ಮ ರಂಧ್ರಗಳಿರುವ ಈ ದೊಡ್ಡ ಜಾಲರಿಗೆ ಮುಂದಿನಿಂದ ಓರೆಯಾಗಿ ಬೆಳಕು ಬಿದ್ದಾಗ ನೂಲುಗಳು ಬೆಳಗಿ, ಅದರ ಮೇಲಿನ ಚಿತ್ರ ಗಟ್ಟಿ ಗೋಡೆಯಂತೆ ತೋರುತ್ತದೆ. ಮುಂದಿನ ಬೆಳಕನ್ನು ಇಳಿಸಿ ಹಿಂದಿನದನ್ನು ಏರಿಸಿದರೆ ಅದೇ ಪರದೆ ಮಾಯವಾಗಿ ಅದರಾಚೆಯ ಲೋಕ ಕಾಣುತ್ತದೆ. ಮಂಜು ಕರಗಿ ಮಾಟಗಾತಿಯ ಮನೆ ಗೋಚರಿಸುವ ‘ಹೆನ್ಸೆಲ್ ಮತ್ತು ಗ್ರೆಟೆಲ್’ನ ಮೂರನೆಯ ಅಂಕದಂಥ ಕಡೆ ಈ ತಂತ್ರ ಬಹಳ ಕಾಲದಿಂದ ಬಳಕೆಯಲ್ಲಿದೆ.

ಪರದೆಯ ಮೇಲೆ ಚಿತ್ರವನ್ನು ಬೆಳಕಾಗಿ ಬೀರುವುದಕ್ಕೆ ಪ್ರೊಜೆಕ್ಷನ್ ಎನ್ನುತ್ತಾರೆ. ಇದನ್ನು ಕಂಪ್ಯೂಟರ್ ಯುಗದ ಹೊಸತನವೆಂದು ಭಾವಿಸಬೇಕಿಲ್ಲ. 1876ರಲ್ಲಿ ಬೈರಾಯ್ಟ್‌ನಲ್ಲಿ ವಾಗ್ನರನ ‘ರಿಂಗ್’ ಒಪೆರಾ ಮಾಲೆ ಮೊದಲ ಬಾರಿಗೆ ಪೂರ್ಣವಾಗಿ ರಂಗಕ್ಕೆ ಬಂದಾಗ, ಆಕಾಶದಲ್ಲಿ ಸವಾರಿ ಹೊರಟ ವೀರಕನ್ಯೆಯರನ್ನು ಗಾಜಿನ ಫಲಕಗಳ ಮೇಲೆ ಬರೆದ ಚಿತ್ರಗಳ ಮೂಲಕ, ಮಾಯಾದೀಪವೆಂಬ ಉಪಕರಣದಿಂದ ತೋರಿಸಲಾಗಿತ್ತು. 1958ರ ಬ್ರಸೆಲ್ಸ್ ವಿಶ್ವಮೇಳದಲ್ಲಿ ಚೆಕ್ ವಿನ್ಯಾಸಕ ಯೋಸೆಫ್ ಸ್ವೊಬೊಡಾ ಮತ್ತು ನಿರ್ದೇಶಕ ಆಲ್ಫ್ರೆಡ್ ರಾಡೊಕ್ ‘ಲಾತೆರ್ನಾ ಮಾಗಿಕಾ’ ಎಂಬ ಪ್ರಯೋಗದಲ್ಲಿ ಜೀವಂತ ನಟರನ್ನೂ ಚಲನಚಿತ್ರವನ್ನೂ ಒಂದೇ ರಂಗದ ಮೇಲೆ ಪರಸ್ಪರ ಸ್ಪಂದಿಸುವಂತೆ ಹೆಣೆದರು.

ಪ್ರೊಜೆಕ್ಷನ್ನಿಗೆ ಅದರದ್ದೇ ಆದ ತೊಡಕುಗಳಿವೆ. ಗಾಯಕರ ಮುಖ ಕಾಣಲು ಬೇಕಾದ ಬೆಳಕು ಪರದೆಯ ಮೇಲೆ ಚೆಲ್ಲಿದರೆ ಚಿತ್ರ ಪೇಲವವಾಗುತ್ತದೆ. ಚಿತ್ರ ಉಳಿಯಲೆಂದು ಬೆಳಕನ್ನು ತಗ್ಗಿಸಿದರೆ ಮುಖಗಳು ಕತ್ತಲಾಗುತ್ತವೆ. ಹೀಗಾಗಿ ಬದಿಯಿಂದ ಬೀಳುವ ಬೆಳಕನ್ನು ಹೆಚ್ಚಿಸಿ, ಗಾಯಕರನ್ನು ಪರದೆಯಿಂದ ಕೆಲವು ಹೆಜ್ಜೆ ಮುಂದೆ ನಿಲ್ಲಿಸುವುದು ವಾಡಿಕೆ. ಅದಕ್ಕಿಂತ ಕಠಿಣವಾದುದು ಕಾಲದ ಪ್ರಶ್ನೆ: ವಾದ್ಯವೃಂದದ ನಿರ್ವಾಹಕನ ಲಯ ಒಂದೊಂದು ರಾತ್ರಿ ಒಂದೊಂದು ಬಗೆಯಾಗಿರುತ್ತದೆ, ಗಾಯಕಿ ಒಂದು ಸ್ವರವನ್ನು ತುಸು ಹೆಚ್ಚು ಹೊತ್ತು ಹಿಡಿಯಬಹುದು, ಆದರೆ ಮುದ್ರಿತ ಚಲನಚಿತ್ರ ಯಾರಿಗೂ ಕಾಯುವುದಿಲ್ಲ. ಅದಕ್ಕಾಗಿ ಚಿತ್ರವನ್ನು ಸಣ್ಣ ಸಣ್ಣ ತುಣುಕುಗಳಾಗಿ ಕತ್ತರಿಸಿಟ್ಟುಕೊಂಡು, ಸ್ವರಲಿಪಿಯನ್ನು ಓದಬಲ್ಲ ಸ್ಟೇಜ್ ಮ್ಯಾನೇಜರ್ ಪ್ರತಿ ತುಣುಕಿಗೂ ಸಂಗೀತವನ್ನು ಕೇಳುತ್ತಲೇ ಸನ್ನೆ ಕೊಡುತ್ತಾರೆ. ಈ ಸನ್ನೆಗೆ ರಂಗಭೂಮಿಯಲ್ಲಿ ಕ್ಯೂ ಎಂದು ಹೆಸರು.

ಸಂಗೀತಕ್ಕೂ ಚಿತ್ರಕ್ಕೂ ನಡುವಿನ ಈ ಜೋಡಣೆ ಪರಾಕಾಷ್ಠೆಗೆ ಮುಟ್ಟಿದ್ದು ಬರ್ಲಿನ್ನಿನ ಕೋಮಿಷೆ ಓಪರ್ 2012ರಲ್ಲಿ ಪ್ರದರ್ಶಿಸಿದ ‘ಮಾಂತ್ರಿಕ ಕೊಳಲಿನಲ್ಲಿ’. ನಿರ್ದೇಶಕ ಬ್ಯಾರಿ ಕೋಸ್ಕಿ ಬ್ರಿಟನ್ನಿನ ‘1927’ ಎಂಬ ತಂಡದೊಡನೆ ರೂಪಿಸಿದ ಈ ಪ್ರಯೋಗದಲ್ಲಿ ರಂಗಸಜ್ಜಿಕೆಯೆಂದರೆ ಬಹುಮಟ್ಟಿಗೆ ಒಂದು ಬಿಳಿಯ ಗೋಡೆ ಮಾತ್ರ. ಗೋಡೆಯ ಎತ್ತರದಲ್ಲಿ ತಿರುಗುವ ಬಾಗಿಲುಗಳಿದ್ದು, ಗಾಯಕರು ಅಲ್ಲಿನ ಪುಟ್ಟ ಕಟ್ಟೆಗಳ ಮೇಲೆ ಅಲುಗಾಡದೆ ನಿಂತು ಹಾಡುತ್ತಾರೆ. ಅವರ ಸುತ್ತ ಕೈಯಿಂದ ಬಿಡಿಸಿದ ಅನಿಮೇಶನ್ ಚಿತ್ರಗಳು ಓಡುತ್ತವೆ. ಇರುಳರಾಣಿಯ ಮುಖವಷ್ಟೇ ಮನುಷ್ಯರದ್ದು, ಉಳಿದದ್ದೆಲ್ಲ ಗೋಡೆಯನ್ನು ತುಂಬುವ ಎಲುಬುಗಾಲಿನ ದೈತ್ಯ ಜೇಡ. ಶಿಂಕೆಲ್ ಆಕಾಶವನ್ನು ಹಿಗ್ಗಿಸಿ ರಾಣಿಯನ್ನು ಕುಗ್ಗಿಸಿದ ಕಡೆ, ಇಲ್ಲಿ ರಾಣಿಯ ದೇಹವೇ ಹಿಗ್ಗಿ ಆಕಾಶದ ಜಾಗವನ್ನು ನುಂಗಿದೆ. ಮೊದಲನೆಯದರಲ್ಲಿ ಅಧಿಕಾರ, ಎರಡನೆಯದರಲ್ಲಿ ಭಯ ಮುಂದಾಗಿ, ಒಂದೇ ಸಂಗೀತ ಎರಡು ಬೇರೆ ಅರ್ಥಗಳನ್ನು ಪಡೆಯುತ್ತದೆ. ಇಷ್ಟು ಬಿಗಿಯಾದ ಜೋಡಣೆಯಲ್ಲಿ ಗಾಯಕರಿಗೆ ಚಲನೆಯ ಸ್ವಾತಂತ್ರ್ಯ ಉಳಿಯುವುದಿಲ್ಲವೆಂಬ ಆಕ್ಷೇಪಕ್ಕೂ ಆಧಾರವಿದ್ದು, ಆ ಬೆಲೆ ತೆತ್ತು ಪಡೆದ ನಗೆ ಮತ್ತು ಬೆರಗು ಅದಕ್ಕೆ ಸಮನೇ ಎಂದು ತೂಗಿ ನೋಡುವುದು ರಸಿಕರಿಗೆ ಬಿಟ್ಟ ವಿಷಯ. ದಕ್ಷಿಣ ಆಫ್ರಿಕಾದ ಕಲಾವಿದ ವಿಲಿಯಂ ಕೆಂಟ್ರಿಜ್ 2005ರಲ್ಲಿ ಬ್ರಸೆಲ್ಸ್‌ನಲ್ಲಿ ಇದೇ ಕೃತಿಗೆ ಮಾಡಿದ ಪ್ರೊಜೆಕ್ಷನ್ನುಗಳು ಇದಕ್ಕಿಂತ ಸಡಿಲವಾದವು. ಕಪ್ಪು ಹಲಗೆಯ ಮೇಲೆ ಸೀಮೆಸುಣ್ಣದಲ್ಲಿ ಎಳೆದಂತಿರುವ ಗೆರೆಗಳು ಹಾಡಿನೊಡನೆ ಮೂಡಿ ಅಳಿಯುತ್ತ, ಬೆಳಕೇ ಜ್ಞಾನವೆಂದು ಸಾರುವ ಆ ಕಥೆಯ ನಂಬಿಕೆಯನ್ನೇ ಪ್ರಶ್ನಿಸುತ್ತವೆ.

ಹಾಡು ನಿಂತ ಮೇಲಿನ ಕನಸು

ಯಾರೂ ಹಾಡದ ಹೊತ್ತಿನಲ್ಲಿ ವಿನ್ಯಾಸಕನ ಹೊಣೆ ಇನ್ನೂ ಹೆಚ್ಚುತ್ತದೆ. ‘ಹೆನ್ಸೆಲ್ ಮತ್ತು ಗ್ರೆಟೆಲ್’ನ ಎರಡನೆಯ ಅಂಕದ ಕೊನೆಗೆ, ಕಾಡಿನಲ್ಲಿ ದಾರಿತಪ್ಪಿದ ಅಣ್ಣತಂಗಿಯರು ತಮ್ಮನ್ನು ಕಾಯುವ 14 ದೇವದೂತರನ್ನು ಎಣಿಸಿಕೊಳ್ಳುವ ಸಂಜೆಯ ಪ್ರಾರ್ಥನೆಯನ್ನು ಹಾಡಿ ಮಲಗುತ್ತಾರೆ. ಆಮೇಲೆ ವಾದ್ಯವೃಂದ ಅದೇ ರಾಗವನ್ನೆತ್ತಿ ಬೆಳೆಸುತ್ತಿರುವಂತೆ ಮಂಜು ಮೋಡದ ಮೆಟ್ಟಿಲುಗಳಾಗಿ, ದೇವದೂತರು ಇಳಿದು ಬಂದು ಮಕ್ಕಳ ಸುತ್ತ ನಿಲ್ಲಬೇಕೆಂದು ಪಠ್ಯ ಸೂಚಿಸುತ್ತದೆ. ನಿರ್ದೇಶಕ ರಿಚರ್ಡ್ ಜೋನ್ಸ್ ಮತ್ತು ವಿನ್ಯಾಸಕ ಜಾನ್ ಮ್ಯಾಕ್‌ಫರ್ಲೇನ್ 1998ರಲ್ಲಿ ವೆಲ್ಷ್ ನ್ಯಾಷನಲ್ ಒಪೆರಾಕ್ಕಾಗಿ ಮಾಡಿದ ಪ್ರಯೋಗದಲ್ಲಿ ದೇವದೂತರ ಬದಲು ದೊಡ್ಡ ದೊಡ್ಡ ತಲೆಗಳ ಬಾಣಸಿಗರು ಬರುತ್ತಾರೆ, ಮೀನಿನ ತಲೆಯ ಬಟ್ಲರ್ ಒಬ್ಬ ಮೇಲ್ವಿಚಾರಣೆ ಮಾಡುತ್ತಾನೆ, ಮಕ್ಕಳಿಗೆ ಔತಣ ಸಿದ್ಧವಾಗುತ್ತದೆ. ಮೇಲುನೋಟಕ್ಕೆ ಉಡಾಫೆಯೆನಿಸುವ ಈ ಬದಲಾವಣೆ ಕಥೆಯ ಮೂಲಕ್ಕೇ ಕೈಹಾಕಿದೆ: ಹೊಟ್ಟೆಗಿಲ್ಲದ ಮನೆಯಿಂದ ಹೊರಟ ಮಕ್ಕಳ ಕನಸಿನಲ್ಲಿ ಸ್ವರ್ಗವೆಂದರೆ ಊಟವೇ ತಾನೆ? ಸಂಗೀತದ ಭಕ್ತಿಭಾವಕ್ಕೆ ಕುಂದು ಬರದಂತೆ ಬಾಣಸಿಗರು ಗಂಭೀರವಾಗಿ, ನಿಧಾನವಾಗಿ ನಡೆಯುವುದರಿಂದಲೇ ಈ ದೃಶ್ಯ ನಿಲ್ಲುತ್ತದೆ. ಲೊರಾಂ ಪೆಲಿ 2008ರಲ್ಲಿ ಗ್ಲೈಂಡ್‌ಬೋರ್ನ್‌ನಲ್ಲಿ ನಿರ್ದೇಶಿಸಿದಾಗ ಬಡವರ ಮನೆ ರಟ್ಟಿನ ಪೆಟ್ಟಿಗೆಗಳಿಂದಲೂ, ಮಾಟಗಾತಿಯ ಮನೆ ಸೂಪರ್‌ಮಾರ್ಕೆಟ್ಟಿನ ತಿಂಡಿಯ ಕಪಾಟುಗಳಿಂದಲೂ ಆಗಿದ್ದುದು ಹಸಿವಿನ ಇದೇ ಎಳೆಯನ್ನು ಇಂದಿನ ಕೊಳ್ಳುಬಾಕತನದವರೆಗೆ ಎಳೆದುದರ ಫಲ.

‘ರುಸಾಲ್ಕಾ’ದಲ್ಲಿ ಸಮಸ್ಯೆ ಇನ್ನೊಂದು ಬಗೆಯದು. ರಾಜಕುಮಾರನನ್ನು ಪ್ರೀತಿಸಿ ಮನುಷ್ಯರೂಪ ಪಡೆದ ಜಲಕನ್ಯೆ ಅದಕ್ಕೆ ಬೆಲೆಯಾಗಿ ಮನುಷ್ಯರೆದುರು ಮೂಕಿಯಾಗುವುದರಿಂದ, ಎರಡನೆಯ ಅಂಕದ ಬಹುಭಾಗದಲ್ಲಿ ನಾಯಕಿಯೇ ಹಾಡುವಂತಿಲ್ಲ. ಅಲೆಗಳ ವಿಡಿಯೋವನ್ನು ಗೋಡೆಯ ತುಂಬ ಆಡಿಸುವುದು ಇಂದು ಸುಲಭ. ಆದರೆ ಅವಳು ಅರಮನೆಯಲ್ಲಿ ಪರಕೀಯಳೆಂಬುದನ್ನು ಜಾಗದ ಅಳತೆ, ನೆಲದ ಗಟ್ಟಿತನ, ಬೆಳಕಿನ ಕಾವು ಇವುಗಳಿಂದಲೇ ಹೇಳಬಲ್ಲ ಸಜ್ಜಿಕೆ ಅಪರೂಪ.

ಕಿವಿಯಿಂದಲೂ ನೋಡುವುದು

ಒಪೆರಾ ಗಾಯಕರು ಸಾಮಾನ್ಯವಾಗಿ ಮೈಕ್ ಬಳಸದೆ ವಾದ್ಯವೃಂದವನ್ನು ದಾಟಿ ಹಾಡುವುದರಿಂದ ಸಜ್ಜಿಕೆ ಧ್ವನಿಯ ಉಪಕರಣವೂ ಹೌದು. ಹಿಂದೆ ಗಟ್ಟಿಯಾದ ಮರದ ಗೋಡೆಯಿದ್ದರೆ ದನಿ ಸಭಾಂಗಣದತ್ತ ಪುಟಿಯುತ್ತದೆ. ದಪ್ಪ ಬಟ್ಟೆ ಅದನ್ನು ಹೀರುತ್ತದೆ. ಹಿಂಬದಿ ಬಯಲಾದರೆ ದನಿ ಅಲ್ಲೇ ಕಳೆದುಹೋಗುತ್ತದೆ. ಪ್ರೊಜೆಕ್ಟರಿನ ಫ್ಯಾನು ಸದ್ದು ಮಾಡುವುದರಿಂದ ಅದನ್ನು ಸದ್ದು ತಡೆಯುವ ಪೆಟ್ಟಿಗೆಯೊಳಗೆ ಇಡಬೇಕಾಗುತ್ತದೆ. ಸುಂದರವಾದ ದೃಶ್ಯವೊಂದರಲ್ಲಿ ಗಾಯಕಿಯ ದನಿ ಇದ್ದಕ್ಕಿದ್ದಂತೆ ದೂರ ಸರಿದಂತೆ ಕೇಳಿದರೆ, ದೋಷ ಅವಳ ಕಂಠದ್ದೋ ಅವಳ ಬೆನ್ನ ಹಿಂದಿನ ಗೋಡೆಯದ್ದೋ ಎಂದು ವಿಚಾರಿಸುವುದು ನ್ಯಾಯ.

ಹೊಸ ರಸಿಕರು ಒಂದೇ ಕೃತಿಯ ಎರಡು ಬೇರೆ ಪ್ರದರ್ಶನಗಳ ದಾಖಲೆಗಳನ್ನು ಆರಿಸಿಕೊಂಡು, ಮೊದಲು ಒಂದು ಮಾರ್ಪಾಟಿನ ಸಂಗೀತವನ್ನಷ್ಟೇ ಚಿತ್ರವಿಲ್ಲದೆ ಕೇಳಿ, ಯಾವ ಗಳಿಗೆಯಲ್ಲಿ ಏನೋ ಸಂಭವಿಸಬೇಕೆಂದು ಕಿವಿಗೆ ಅನಿಸುತ್ತದೆಂಬುದನ್ನು ಗುರುತಿಸಿಕೊಳ್ಳುವುದು ಉತ್ತಮ ಅಭ್ಯಾಸ. ಅನಂತರ ಅದೇ ಭಾಗವನ್ನು ಎರಡೂ ಪ್ರದರ್ಶನಗಳಲ್ಲಿ ನೋಡಿದಾಗ, ಒಬ್ಬ ವಿನ್ಯಾಸಕ ಆ ಗಳಿಗೆಗೆ ಸರಿಯಾಗಿ ದೃಶ್ಯವನ್ನು ತೆರೆದಿರುವುದು, ಇನ್ನೊಬ್ಬ ಬೇಕೆಂದೇ ಅದಕ್ಕೆ ಮುಂಚೆ ಅಥವಾ ಎದುರಾಗಿ ನಡೆದಿರುವುದು ಕಾಣತೊಡಗುತ್ತದೆ. ಸಂಗೀತಕ್ಕೆ ಎದುರಾಗಿ ನಡೆದುದಕ್ಕೆ ಬಾಣಸಿಗರ ಕನಸಿನಲ್ಲಿರುವಂಥ ಕಾರಣವೊಂದು ಕಥೆಯೊಳಗೇ ಸಿಕ್ಕರೆ ಅದು ವಿನ್ಯಾಸ. ಸಿಗದಿದ್ದರೆ ಎಷ್ಟೇ ಪ್ರೊಜೆಕ್ಟರುಗಳಿದ್ದರೂ ಅದು ಅಲಂಕಾರವಷ್ಟೆ.