ಹ್ಯಾಮ್ಲೆಟ್ ನಾಟಕದ ಪ್ರೇತವೂ ಕ್ರೈಸ್ತ ಧರ್ಮದೃಷ್ಟಿಯೂ

ಷೇಕ್ಸ್‌ಪಿಯರ್ ಮಹಾಕವಿಯ ‘ಹ್ಯಾಮ್ಲೆಟ್’ ನಾಟಕವು ಒಂದು ಪ್ರೇತದರ್ಶನದಿಂದ ಆರಂಭವಾಗುತ್ತದೆ. ಡೆನ್ಮಾರ್ಕಿನ ಎಲ್ಸಿನೋರ್ ಕೋಟೆಯ ಮೇಲೆ, ನಡುರಾತ್ರಿಯಲ್ಲಿ, ಮಡಿದ ಅರಸನ ಆಕೃತಿಯು ಕವಚಧಾರಿಯಾಗಿ ಸುಳಿಯುತ್ತದೆ. ಬಳಿಕ ಅದು ಮಗನೊಡನೆ ಏಕಾಂತದಲ್ಲಿ ಮಾತನಾಡಿ, ತನ್ನನ್ನು ಕೊಂದವನು ತನ್ನ ತಮ್ಮನೇ ಎಂದು ತಿಳಿಸಿ, ಹಗೆಯನ್ನು ತೀರಿಸೆಂದು ವಿಧಿಸುತ್ತದೆ. ಈ ಪ್ರೇತವು ಯಾರು, ಎಲ್ಲಿಂದ ಬಂದುದು, ಅದರ ಮಾತನ್ನು ನಡೆಸಬಹುದೆ ಎಂಬ ಪ್ರಶ್ನೆಗಳಿಗೆ ಉತ್ತರವನ್ನು ಹುಡುಕುವವರು ಆ ಕಾಲದ ಕ್ರೈಸ್ತರಲ್ಲಿ ನಡೆದಿದ್ದ ವಾದವನ್ನು ಮೊದಲು ಅರಿಯಬೇಕು.

ರೋಮನ್ ಕ್ಯಾಥೊಲಿಕ್ ಸಂಪ್ರದಾಯದಂತೆ, ಸ್ವರ್ಗಕ್ಕೆ ಅರ್ಹವಾದರೂ ಪಾಪಶೇಷವುಳ್ಳ ಜೀವವು ಶುದ್ಧೀಕರಣ ಲೋಕದಲ್ಲಿ ಕೆಲಕಾಲ ಬೇಯಬೇಕು. ಅಂತಹ ಜೀವವು ದೈವಾನುಮತಿಯಿಂದ ಬಂಧುಗಳಿಗೆ ಕಾಣಿಸಿಕೊಂಡು, ತನಗಾಗಿ ಪ್ರಾರ್ಥನೆಯನ್ನೂ ಪೂಜೆಯನ್ನೂ ಮಾಡಿಸಿರೆಂದು ಬೇಡುವ ಕಥೆಗಳು ಮಧ್ಯಯುಗದ ಯೂರೋಪಿನಲ್ಲಿ ಹೇರಳವಾಗಿದ್ದುವು. ಶ್ರಾದ್ಧತರ್ಪಣಗಳ ಆಚಾರವುಳ್ಳ ಮನೆತನಗಳಿಗೆ ಈ ಭಾವನೆಯು ತೀರ ಅಪರಿಚಿತವೆನಿಸದು. ಪ್ರಾಟೆಸ್ಟಂಟ್ ಸುಧಾರಕರಾದರೋ ಈ ಲೋಕವನ್ನೇ ಅಲ್ಲಗಳೆದರು. 1571ರಲ್ಲಿ ಸ್ಥಿರಪಟ್ಟ ಇಂಗ್ಲೆಂಡಿನ ಸಭೆಯ 39 ಧರ್ಮವಿಧಿಗಳಲ್ಲಿ 22ನೆಯದು ಅದಕ್ಕೆ ಶಾಸ್ತ್ರಾಧಾರವಿಲ್ಲವೆಂದು ಸಾರಿತು. ಜ್ಯೂರಿಚ್ ನಗರದ ಲುಡ್ವಿಗ್ ಲಾವಾಟರ್ ಎಂಬ ಧರ್ಮಬೋಧಕನು 1569ರಲ್ಲಿ ಪ್ರೇತಗಳನ್ನು ಕುರಿತು ಬರೆದ ಗ್ರಂಥವು 1572ರಲ್ಲಿ ಇಂಗ್ಲಿಷಿಗೆ ಬಂದಿತು. ಇಂತಹ ದರ್ಶನಗಳಲ್ಲಿ ಬಹುಭಾಗವು ಭಯ, ಚಿತ್ತವಿಕಾರ, ವಂಚನೆಗಳ ಫಲ. ಉಳಿದವು ದೇವದೂತರೋ ಪಿಶಾಚಗಳೋ ಆಗಿರುವುವೇ ಹೊರತು ಸತ್ತವರ ಆತ್ಮಗಳಲ್ಲ ಎಂಬುದು ಅವನ ಮತ. 1584ರಲ್ಲಿ ರೆಜಿನಾಲ್ಡ್ ಸ್ಕಾಟನು ಇನ್ನೂ ಮುಂದೆ ಹೋಗಿ, ಇವೆಲ್ಲ ಬಹುಮಟ್ಟಿಗೆ ಭ್ರಾಂತಿ ಮತ್ತು ಮೋಸವೆಂದನು. ಈ ಮೂರು ಮತಗಳೂ ರಂಗದ ಮೇಲೆ ಎದುರುಬದುರಾಗಿ ನಿಂತಿವೆಯೆಂದು ಡೋವರ್ ವಿಲ್ಸನ್ ಅವರು 1935ರಲ್ಲಿ ತೋರಿಸಿಕೊಟ್ಟರು. ಪ್ರೇತವು ತಾನು ಶುದ್ಧೀಕರಣದ ಬೆಂಕಿಯಿಂದ ಬಂದೆನೆಂಬಂತೆ ನುಡಿಯುತ್ತದೆ. ಹೊರೇಷಿಯೊ ಮೊದಲು ನಂಬುವುದಿಲ್ಲ. ಲೂಥರನ ವಿಟೆನ್‌ಬರ್ಗಿನಲ್ಲಿ ಓದಿದ ಹ್ಯಾಮ್ಲೆಟನು ಅದು ಪಿಶಾಚವಿರಬಹುದೆಂದು ಅಂಜುತ್ತಾನೆ.

ಅಂಜಿದ ರಾಜಕುಮಾರನು ಪರೀಕ್ಷೆಯೊಂದನ್ನು ಹೂಡುತ್ತಾನೆ. ಪ್ರೇತವು ವರ್ಣಿಸಿದ ಕೊಲೆಯನ್ನೇ ಹೋಲುವ ನಾಟಕವನ್ನು ಅರಸನ ಮುಂದೆ ಆಡಿಸಿ, ಅವನ ಮುಖವನ್ನು ತಾನೂ ನೋಡಿ, ಸ್ನೇಹಿತನಿಂದಲೂ ನೋಡಿಸುತ್ತಾನೆ. ಒಬ್ಬನ ಕಣ್ಣನ್ನು ನಂಬದೆ ಇಬ್ಬರ ಸಾಕ್ಷ್ಯವನ್ನು ಹೋಲಿಸುವ ಈ ಕ್ರಮವು ಆಧುನಿಕ ಪ್ರೇತಶೋಧಕರ ಕ್ರಮವೇ ಸರಿ. 1882ರಲ್ಲಿ ಲಂಡನ್ನಿನಲ್ಲಿ ಅತೀಂದ್ರಿಯ ಸಂಶೋಧನ ಸಂಘವು ಹುಟ್ಟಿತು. ಅದರ ಮೊದಲ ಅಧ್ಯಕ್ಷರಾದ ಹೆನ್ರಿ ಸಿಜ್ವಿಕ್ ಅವರು ಆ 39 ವಿಧಿಗಳಿಗೆ ಮನಸಾರೆ ಒಪ್ಪಿಗೆ ಕೊಡಲಾರದೆ 1869ರಲ್ಲಿ ಕೇಂಬ್ರಿಜ್ಜಿನ ತಮ್ಮ ಫೆಲೋ ಪದವಿಯನ್ನೇ ತ್ಯಜಿಸಿದ್ದ ಸತ್ಯನಿಷ್ಠರು. 1894ರಲ್ಲಿ ಸಂಘವು 17,000 ಜನರ ಉತ್ತರಗಳನ್ನು ಕೂಡಿಸಿ ಇಂತಹ ದರ್ಶನಗಳ ವರದಿಯನ್ನು ಪ್ರಕಟಿಸಿತು. ಇಂತಹ ಶ್ರಮವನ್ನು ಹಗುರವಾಗಿ ಕಾಣತಕ್ಕದ್ದಲ್ಲ. ಆದರೆ ಕಂಡುದು ನಿಜವೆ, ಹೇಳಿದುದು ನಿಜವೆ ಎಂಬಲ್ಲಿಗೆ ಆ ಶೋಧನೆಯು ನಿಲ್ಲುತ್ತದೆ. ಹ್ಯಾಮ್ಲೆಟನ ಪರೀಕ್ಷೆಯೂ ಅಲ್ಲಿಯೇ ನಿಂತಿತು.

ಧರ್ಮಗ್ರಂಥದ ಪರೀಕ್ಷೆ ಬೇರೆ. ಒಬ್ಬ ಪ್ರವಾದಿಯು ಸೂಚಿಸಿದ ಗುರುತು ನಿಜವಾಗಿ ನಡೆದರೂ, ಅವನು ಜನರನ್ನು ದೇವರಿಂದ ದೂರಕ್ಕೆ ಕರೆದರೆ ಕಿವಿಗೊಡಬಾರದೆಂದು ಧರ್ಮೋಪದೇಶಕಾಂಡದ 13ನೆಯ ಅಧ್ಯಾಯವು ವಿಧಿಸುತ್ತದೆ. ಸೌಲ ರಾಜನು ಏಂದೋರಿನ ಸ್ತ್ರೀಯ ಮೂಲಕ ಸಮುವೇಲನನ್ನು ಬರಿಸಿದಾಗ ಕೇಳಿದ ಮಾತು ಮರುದಿನವೇ ಫಲಿಸಿತು. ಆದರೂ ಆ ವಿಚಾರಣೆಯು ಸೌಲನ ಅಪರಾಧಗಳಲ್ಲಿ ಎಣಿಕೆಯಾಯಿತು. ಮಾತು ಸತ್ಯವೆಂದಮಾತ್ರಕ್ಕೆ ಅದು ಎಳೆದೊಯ್ಯುವ ದಾರಿ ಸಾಧುವಾಗುವುದಿಲ್ಲ. ಶುದ್ಧೀಕರಣ ಲೋಕದ ಜೀವವಾಗಿದ್ದರೆ ಪ್ರಾರ್ಥನೆಯನ್ನು ಬೇಡಬೇಕಾಗಿತ್ತು. ಎಲ್ಸಿನೋರಿನ ಪ್ರೇತವು ರಕ್ತವನ್ನು ಬೇಡಿತು. ಮುಯ್ಯಿ ತೀರಿಸುವುದು ದೇವರಿಗೆ ಬಿಟ್ಟುದೆಂಬ ಪೌಲನ ಬೋಧೆಯನ್ನು ಕೇಳಿದ ಪ್ರೇಕ್ಷಕರಿಗೆ ಈ ಭೇದವು ಹೊಳೆಯದೆ ಇರಲಾರದು.

ವಿಮರ್ಶಕರಲ್ಲಿ ಗ್ರೆಗ್ ಅವರು 1917ರಲ್ಲಿ ಪ್ರೇತದ ನುಡಿಯನ್ನು ಹ್ಯಾಮ್ಲೆಟನ ಭ್ರಾಂತಿಯೆಂದರು. ಎಲಿನರ್ ಪ್ರಾಸರ್ ಅವರು 1967ರಲ್ಲಿ ಅದು ಪಿಶಾಚವೆಂದು ವಾದಿಸಿದರು. ಸ್ಟೀವನ್ ಗ್ರೀನ್‌ಬ್ಲಾಟ್ ಅವರು 2001ರಲ್ಲಿ, ಕಳೆದುಹೋದ ಶುದ್ಧೀಕರಣ ಲೋಕದ ನೆನಪನ್ನು ಅದರಲ್ಲಿ ಕಂಡರು. ಪ್ರೇತವು ಯಾವುದೆಂದು ಕವಿಯು ಕೊನೆಗೂ ಬಿಡಿಸಿ ಹೇಳಲಿಲ್ಲ. ಅದರ ಆಜ್ಞೆಯ ಫಲವನ್ನು ಮಾತ್ರ ಮರೆಮಾಡದೆ ತೋರಿಸಿದನು. ಪರೀಕ್ಷೆಯು ಗೆದ್ದ ಮರುಕ್ಷಣವೇ ಹ್ಯಾಮ್ಲೆಟನು ಮೊಣಕಾಲೂರಿದ ಚಿಕ್ಕಪ್ಪನನ್ನು ಕಂಡು ಕತ್ತಿಯನ್ನು ಹಿಂದಕ್ಕೆ ತೆಗೆಯುತ್ತಾನೆ. ಕಾರಣವು ದಯೆಯಲ್ಲ, ಪ್ರಾರ್ಥಿಸುವವನನ್ನು ಕೊಂದರೆ ಅವನು ಸ್ವರ್ಗ ಸೇರಿಯಾನು ಎಂಬ ಹೊಟ್ಟೆಯುರಿ. ದೇಹವನ್ನು ಮಾತ್ರವೇ ಅಲ್ಲದೆ ಆತ್ಮವನ್ನೂ ಕೆಡಿಸಬೇಕೆಂಬ ಈ ಬಯಕೆಯು ಪ್ರೇತದ ಸತ್ಯವನ್ನು ನಂಬಿದುದರ ಮೊದಲ ಫಲ. ನಾಟಕ ಮುಗಿಯುವಷ್ಟರಲ್ಲಿ ಎಂಟು ಜೀವಗಳು ಬಲಿಯಾಗುತ್ತವೆ; ಅವರಲ್ಲಿ ಒಫೀಲಿಯ ಯಾವ ತಪ್ಪನ್ನೂ ಅರಿಯದವಳು.

ಸತ್ತವರ ಮಾತಿಗಾಗಿ ಹಂಬಲಿಸುವವರನ್ನು ಧರ್ಮದ ಹೆಸರಿನಲ್ಲಿ ಹಳಿಯುವುದು ಸುಲಭ. ಭೌತವಿಜ್ಞಾನಿಗಳಾದ ಆಲಿವರ್ ಲಾಜ್ ಅವರು 1915ರ ಯುದ್ಧದಲ್ಲಿ ಮಗನನ್ನು ಕಳೆದುಕೊಂಡು, 1916ರಲ್ಲಿ ಅವನ ಹೆಸರಿನಲ್ಲಿಯೇ ಗ್ರಂಥವನ್ನು ಬರೆದುದು ಪಿತೃಶೋಕದಿಂದ. ಷೇಕ್ಸ್‌ಪಿಯರನೂ ಆ ಹಂಬಲವನ್ನು ಹಳಿಯಲಿಲ್ಲ. ತನ್ನನ್ನು ನೆನೆಯಬೇಕೆಂದು ಪ್ರೇತವು ಕೇಳಿಕೊಳ್ಳುವಾಗ ಯಾರ ಕರುಳು ಕರಗದು? ನೆನೆಯುವುದು ಮಗನ ಧರ್ಮ, ಕೊಲ್ಲುವುದಲ್ಲ. ಈ ಎರಡನ್ನೂ ಒಂದೆಂದು ಬಗೆದುದೇ ಹ್ಯಾಮ್ಲೆಟನ ದುರಂತ.

ಮೂರನೆಯ ಅಂಕದಲ್ಲಿ ತಾಯಿಯ ಕೋಣೆಗೆ ಬಂದುಹೋದ ಪ್ರೇತವು ಮತ್ತೆ ಕಾಣಿಸುವುದಿಲ್ಲ. ಐದನೆಯ ಅಂಕದ ಹ್ಯಾಮ್ಲೆಟನು ಅದರ ಹೆಸರೆತ್ತದೆ, ಗುಬ್ಬಿಯ ಬೀಳುವಿಕೆಯಲ್ಲಿಯೂ ದೈವಸಂಕಲ್ಪವನ್ನು ಕಾಣುತ್ತಾನೆ. ಸಾಯುವ ಹೊತ್ತಿನಲ್ಲಿ ಲೇಯರ್ಟೀಸನೂ ಅವನೂ ಒಬ್ಬರನ್ನೊಬ್ಬರು ಕ್ಷಮಿಸುತ್ತಾರೆ. ಆ ಕ್ಷಮೆಯನ್ನು ಅವರಿಗೆ ಯಾವ ಪ್ರೇತವೂ ಕಲಿಸಿರಲಿಲ್ಲ.