ಡಮಾಮಿಯ ಸದ್ದು, ಸಿದ್ದಿಯರ ಮಾತು

ನಾಡಿನ ದೊಡ್ಡ ಉತ್ಸವಗಳ ಮೆರವಣಿಗೆಯಲ್ಲಿ ಡೊಳ್ಳು, ಕಂಸಾಳೆ, ವೀರಗಾಸೆಗಳ ಸಾಲಿನಲ್ಲಿ ಉತ್ತರ ಕನ್ನಡದ ಸಿದ್ದಿಯರ ಡಮಾಮಿ ಕುಣಿತವೂ ಈಗ ಕಾಣಸಿಗುತ್ತದೆ. ಎಲೆ, ಗರಿ, ಬಣ್ಣಗಳ ವೇಷದ ಕಲಾವಿದರು ಬೀದಿಯಲ್ಲಿ ಕುಣಿಯುತ್ತಾರೆ, ಜನ ಚಪ್ಪಾಳೆ ತಟ್ಟುತ್ತಾರೆ, ಮೆರವಣಿಗೆ ಮುಂದೆ ಸಾಗುತ್ತದೆ. ಆ ಬಳಿಕ ಅದೇ ಉತ್ಸವದ ಗೋಷ್ಠಿಗಳಲ್ಲಿ ಸಿದ್ದಿಯೊಬ್ಬರು ಎದ್ದು ನಿಂತು ಮಾತನಾಡುವುದು ಅಪರೂಪ. ಒಂದು ಸಮುದಾಯದ ಚರಿತ್ರೆಯನ್ನೂ ಸಂಸ್ಕೃತಿಯನ್ನೂ ಸಂಭ್ರಮಿಸುವುದೆಂದರೆ ಅದರ ವಾದ್ಯಕ್ಕೆ ಕಿವಿಗೊಡುವುದಷ್ಟೆಯೇ, ಅದರ ಮಾತಿಗೂ ಎಡೆಕೊಡುವುದೇ ಎಂಬುದನ್ನು ಇಲ್ಲಿ ಪರಿಶೀಲಿಸಲು ಬಯಸುತ್ತೇವೆ.

ಸಿದ್ದಿಯರ ಪೂರ್ವಿಕರು ಆಫ್ರಿಕಾ ಖಂಡದಿಂದ ಬಂದವರು. ಅವರ ಆಗಮನಕ್ಕೆ ಒಂದಲ್ಲ, ಹಲವು ದಾರಿಗಳಿದ್ದವು. ದಖ್ಖನಿನ ಸುಲ್ತಾನರ ಕಾಲದಲ್ಲಿ ಗುಲಾಮನಾಗಿ ಬಂದ ಮಲಿಕ್ ಅಂಬರ್ ಅಹಮದ್‌ನಗರ ರಾಜ್ಯದ ಸೂತ್ರಧಾರನಾಗಿ, ಮೊಗಲರ ಸೇನೆಯನ್ನು ವರ್ಷಗಟ್ಟಲೆ ತಡೆದು ನಿಲ್ಲಿಸಿ, 1626ರಲ್ಲಿ ತೀರಿಕೊಂಡ. ನಮ್ಮ ವಿಜಾಪುರದ ಮಹಮ್ಮದ್ ಆದಿಲ್‌ಶಹನ ಆಸ್ಥಾನದಲ್ಲಿ ಆಫ್ರಿಕಾ ಮೂಲದ ಇಖ್ಲಾಸ್ ಖಾನನು ಪ್ರಬಲ ಮಂತ್ರಿಯಾಗಿದ್ದ. ಇನ್ನೊಂದು ದಾರಿ ಕಣ್ಣೀರಿನದು. ಪೋರ್ಚುಗೀಸರು ಹಡಗುಗಳಲ್ಲಿ ತುಂಬಿ ಗೋವೆಗೆ ತಂದ ಗುಲಾಮರಲ್ಲಿ ಅನೇಕರು ಒಡೆಯರ ಕೈತಪ್ಪಿಸಿಕೊಂಡು ಘಟ್ಟದ ಕಾಡು ಸೇರಿದರು. ಯಲ್ಲಾಪುರ, ಹಳಿಯಾಳ, ಮುಂಡಗೋಡ, ಅಂಕೋಲಾ ಸೀಮೆಗಳ ಇಂದಿನ ಸಿದ್ದಿಯರಲ್ಲಿ ಹಿಂದೂಗಳಿದ್ದಾರೆ, ಮುಸಲ್ಮಾನರಿದ್ದಾರೆ, ಕ್ರೈಸ್ತರಿದ್ದಾರೆ. ಅವರ ನಾಲಗೆಯ ಮೇಲೆ ಕೊಂಕಣಿ, ಕನ್ನಡ, ಮರಾಠಿ, ಉರ್ದು ಎಲ್ಲವೂ ಇವೆ. ಶತಮಾನಗಳಿಂದ ಈ ಮಣ್ಣಿನವರೇ ಆದ ಉತ್ತರ ಕನ್ನಡದ ಸಿದ್ದಿಯರು ಪರಿಶಿಷ್ಟ ಪಂಗಡದ ಪಟ್ಟಿಗೆ ಸೇರಿದ್ದು 2003ರಲ್ಲಿ. ಬೆಳಗಾವಿ, ಧಾರವಾಡ ಜಿಲ್ಲೆಗಳವರು 2020ರಲ್ಲಿ.

ಕಪ್ಪು ಜನರ ಚರಿತ್ರೆಯನ್ನು ಊರೊಟ್ಟಿಗೆ ನೆನೆಯುವ ಪದ್ಧತಿಗೆ ಅಮೆರಿಕದಲ್ಲಿ ತಳಹದಿ ಹಾಕಿದವರು ಕಾರ್ಟರ್ ವುಡ್‌ಸನ್. ಗುಲಾಮಗಿರಿಯಿಂದ ಬಿಡುಗಡೆ ಪಡೆದ ತಂದೆತಾಯಿಯರ ಮಗ. ಕಲ್ಲಿದ್ದಲ ಗಣಿಯಲ್ಲಿ ದುಡಿದು ಓದಿದವರು. ಶಾಲೆಯ ಮುಖ್ಯೋಪಾಧ್ಯಾಯರೂ ಆಗಿದ್ದವರು. 1926ರ ಫೆಬ್ರವರಿಯಲ್ಲಿ ಅವರು ಆರಂಭಿಸಿದ ಚರಿತ್ರೆಯ ವಾರವು 1976ರಲ್ಲಿ ತಿಂಗಳ ಆಚರಣೆಯಾಯಿತು. ಇಂದು ಅಲ್ಲಿನ ನಗರಗಳಲ್ಲಿ ಆ ತಿಂಗಳು ಮೆರವಣಿಗೆ, ಸಂಗೀತ, ಪ್ರದರ್ಶನಗಳ ಸಡಗರ. ಆದರೆ ವುಡ್‌ಸನ್ನರ ಕಣ್ಣಿನಲ್ಲಿ ಆ ವಾರವು ವರ್ಷವಿಡೀ ಶಾಲೆಯಲ್ಲಿ ಕಲಿತದ್ದರ ಮುಕ್ತಾಯವಾಗಬೇಕಿತ್ತು. ಕಲಿಕೆಯಿಲ್ಲದ ವಾರವು ಅವರ ಉದ್ದೇಶವಾಗಿರಲಿಲ್ಲ. ಪಾಠ ಮಾಡದೆ ವಾರ್ಷಿಕೋತ್ಸವ ನಡೆಸಿದರೆ ಅದು ಶಾಲೆಯಾಗುವುದಿಲ್ಲವೆಂಬುದನ್ನು ಶಿಕ್ಷಕ ವೃತ್ತಿಯವರಾದ ನಮಗೆ ಯಾರೂ ಹೇಳಿಕೊಡಬೇಕಾಗಿಲ್ಲ.

ನಮ್ಮಲ್ಲಿ ಸಿದ್ದಿಯರನ್ನು ಗುರುತಿಸಿದ ಬಗೆ ಹೇಗಿತ್ತು? 1987ರಲ್ಲಿ ಕ್ರೀಡಾ ಪ್ರಾಧಿಕಾರದ ವಿಶೇಷ ಯೋಜನೆಯೊಂದು ಸಿದ್ದಿ ಮಕ್ಕಳನ್ನು ಓಟಕ್ಕೆಂದು ಆರಿಸಿಕೊಂಡಿತು. ಕೆಲವರು ಪದಕ ಗೆದ್ದರು; ಕೆಲವೇ ವರ್ಷಗಳಲ್ಲಿ ಆ ಯೋಜನೆ ನಿಂತಿತು. ಆಫ್ರಿಕಾ ರಕ್ತವೆಂದರೆ ಓಟದ ರಕ್ತವೆಂಬ ಎಣಿಕೆ ಅದರ ಹಿಂದಿತ್ತು. ಯೋಜನೆ ಕಾಲುಗಳನ್ನು ಕಂಡಿತು, ಮೆರವಣಿಗೆ ಕುಣಿತವನ್ನು ಕಂಡಿತು. ಸಿದ್ದಿ ಹೆಣ್ಣುಮಕ್ಕಳು ಹಳೆಯ ಬಟ್ಟೆಯ ತುಂಡುಗಳನ್ನು ಜೋಡಿಸಿ ಹೊಲಿದು, ಮೂಲೆಗಳಲ್ಲಿ ಮಡಿಕೆಯ ಹೂವಿಡುವ ಕೌದಿಗಳು ಈಗ ಪರದೇಶದ ಗೋಡೆಗಳನ್ನೂ ಅಲಂಕರಿಸುತ್ತಿವೆ. ಇವೆಲ್ಲ ಒಳ್ಳೆಯವೇ. ಆದರೂ ಕಾಲು, ಕೈ, ಮೈಗಳನ್ನು ಮೆಚ್ಚಿ ಬಾಯನ್ನು ಮರೆತ ಮೆಚ್ಚುಗೆಯು ಅರೆಮೆಚ್ಚುಗೆ.

ಈ ಹಿನ್ನೆಲೆಯಲ್ಲಿ ಕನ್ನಡ ರಂಗಭೂಮಿಯ ಒಂದು ಪ್ರಯೋಗ ನಮಗೆ ಮಹತ್ವದ್ದಾಗಿ ತೋರುತ್ತದೆ. ಕಳೆದ ಶತಮಾನದ ಎಂಬತ್ತರ ದಶಕದಲ್ಲಿ ಹೆಗ್ಗೋಡಿನ ನೀನಾಸಮ್ ಬಳಗದ ಚಿದಂಬರರಾವ್ ಜಂಬೆಯವರು ಯಲ್ಲಾಪುರ ತಾಲ್ಲೂಕಿನ ಮಂಚೀಕೇರಿಯಲ್ಲಿ ಸಿದ್ದಿಯರನ್ನೇ ನಟರನ್ನಾಗಿಸಿ, ನೈಜೀರಿಯಾದ ಚಿನುವಾ ಅಚಿಬೆ 1958ರಲ್ಲಿ ಪ್ರಕಟಿಸಿದ ‘ಥಿಂಗ್ಸ್ ಫಾಲ್ ಅಪಾರ್ಟ್’ ಕಾದಂಬರಿಯನ್ನು ಕನ್ನಡದ ರಂಗಕ್ಕೆ ತಂದರು. ಮೆರವಣಿಗೆಯ ಸಿದ್ದಿಗೂ ಈ ರಂಗದ ಸಿದ್ದಿಗೂ ಇರುವ ಅಂತರ ದೊಡ್ಡದು. ಅಲ್ಲಿ ಅವನು ನೋಟದ ವಸ್ತು. ಇಲ್ಲಿ ಅವನು ಒಕೊಂಕ್ವೋ ಆಗಿ ಸಿಟ್ಟಾಗುತ್ತಾನೆ, ತಪ್ಪು ಮಾಡುತ್ತಾನೆ, ಅಳುಕುತ್ತಾನೆ, ತನ್ನವರೊಡನೆ ವಾದಿಸುತ್ತಾನೆ. ಅದೂ ಕನ್ನಡದಲ್ಲಿ. ಮನುಷ್ಯನಿಗೆ ಪೂರ್ಣ ಮನುಷ್ಯನಾಗಲು ಬೇಕಾದ ಅವಕಾಶವಿದು.

ಆ ಕಾದಂಬರಿಯ ಕೊನೆಯನ್ನು ಇಲ್ಲಿ ನೆನೆಯಬೇಕು. ಇಡೀ ಪುಸ್ತಕ ಒಕೊಂಕ್ವೋನ ಬಾಳನ್ನು ನಮ್ಮ ಮುಂದೆ ಹರಡುತ್ತದೆ. ಅವನು ಸತ್ತ ಮೇಲೆ ಬಿಳಿಯ ಅಧಿಕಾರಿ ತಾನು ಬರೆಯಲಿರುವ ಪುಸ್ತಕದಲ್ಲಿ ಇವನಿಗೆ ಒಂದು ಅಧ್ಯಾಯ ಕೊಡಬಹುದೇ ಎಂದು ಯೋಚಿಸಿ, ಅಷ್ಟು ಬೇಡ, ಒಂದು ಪ್ಯಾರಾ ಸಾಕೆಂದು ತೀರ್ಮಾನಿಸುತ್ತಾನೆ. ನಮ್ಮ ಉತ್ಸವಗಳು ಸಿದ್ದಿಯರಿಗೆ ಕೊಡುವ ಹತ್ತು ನಿಮಿಷವೂ ಅಂಥದೇ ಒಂದು ಪ್ಯಾರಾ.

ಇದಕ್ಕೆ ಆಕ್ಷೇಪ ಬರಬಹುದು. ಸಿದ್ದಿಯರಿಗೆ ಆಫ್ರಿಕಾದ ಕಥೆಯನ್ನೇ ಆರಿಸಿದ್ದು ಸಹ ಅವರನ್ನು ಮೈಬಣ್ಣದಿಂದ ಅಳೆದಂತಲ್ಲವೇ? ಘಟ್ಟದ ಮಗುವಿಗೆ ನೈಜೀರಿಯಾ ಏಕೆ ಹತ್ತಿರವಾಗಬೇಕು? ಆಕ್ಷೇಪದಲ್ಲಿ ಹುರುಳಿದೆ. ಮೂಲವನ್ನು ಅತಿಯಾಗಿ ಕೊಂಡಾಡಿದರೆ ಈ ನೆಲದ ಮಕ್ಕಳನ್ನು ಈ ನೆಲದ ಅತಿಥಿಗಳನ್ನಾಗಿಸಿದಂತೆ. ಆದರೆ ಒಂದು ಕೃತಿಯನ್ನು ಅದು ತೆರೆದ ಬಾಗಿಲುಗಳಿಂದಲೂ ಅಳೆಯಬೇಕು. ಗಿರಿಜಾ ಸಿದ್ದಿ ರಂಗಭೂಮಿಯಲ್ಲಿಯೂ ಹಿಂದೂಸ್ತಾನಿ ಗಾಯನದಲ್ಲಿಯೂ ಹೆಸರು ಪಡೆದರು. ನೀನಾಸಮ್‌ನಲ್ಲಿ ಕಲಿತ ಪ್ರಶಾಂತ್ ಸಿದ್ದಿ ಕನ್ನಡ ಚಲನಚಿತ್ರಗಳಲ್ಲಿ ನಟಿಸಿದರು. ಶಾಂತಾರಾಮ ಸಿದ್ದಿ 2020ರಲ್ಲಿ ವಿಧಾನ ಪರಿಷತ್ತಿಗೆ ನಾಮಕರಣಗೊಂಡರು. ಇವರನ್ನೆಲ್ಲ ಆ ಒಂದು ನಾಟಕವೇ ಬೆಳೆಸಿತೆಂದು ನಾವು ಹೇಳುತ್ತಿಲ್ಲ. ಮಾತಿಗೆ ಎಡೆ ಸಿಕ್ಕಲ್ಲಿ ಸಮುದಾಯವು ಗರಿಯ ವೇಷವನ್ನು ಮೀರಿ ನಿಲ್ಲುತ್ತದೆಂಬುದಷ್ಟೇ ನಮ್ಮ ಮಾತು.

ತಾಳವಾಡಿಯ ಬೆಟ್ಟದ ಮೇಲಿರುವ ನಮಗೆ ಈ ವಿಚಾರ ದೂರದ್ದಲ್ಲ. 1956ರ ರಾಜ್ಯ ಪುನರ್ವಿಂಗಡಣೆಯಲ್ಲಿ ನಮ್ಮ ಮನೆಮಾತು ಒಂದು ಕಡೆ, ಆಡಳಿತ ಇನ್ನೊಂದು ಕಡೆ ಉಳಿಯಿತು. ಹೊರಗಿನವರು ನಮ್ಮ ಬಗ್ಗೆ ಬರೆಯುವ ಪ್ಯಾರಾ ಒಂದಿದೆ: ಗಾಜನೂರು ಡಾ. ರಾಜ್‌ಕುಮಾರರ ಹುಟ್ಟೂರು, 2000ದಲ್ಲಿ ವೀರಪ್ಪನ್ ಅವರನ್ನು ಅಪಹರಿಸಿದ್ದು ಅಲ್ಲಿಂದಲೇ, ದೀಪಾವಳಿ ಮುಗಿದೊಡನೆ ಗುಮಟಾಪುರದ ಗೊರೆಹಬ್ಬದಲ್ಲಿ ಜನ ಸಗಣಿ ಎರಚಾಡುತ್ತಾರೆ. ಮೂರೂ ನಿಜ. ಆದರೆ ಗೊರೆಹಬ್ಬವು ಊರಿನವರಿಗೆ ಬೀರೇಶ್ವರನ ಸೇವೆ. ಕ್ಯಾಮೆರಾದವರಿಗೆ ವಿಚಿತ್ರ ಆಟ. ನಮ್ಮ ಮಕ್ಕಳ ಕನ್ನಡ ಪಾಠ, ನಮ್ಮ ಹೊಲ, ನಮ್ಮ ಕಾಡಂಚಿನ ಬದುಕು ಆ ಪ್ಯಾರಾದೊಳಗೆ ಬರುವುದಿಲ್ಲ. ನೋಟದ ವಸ್ತುವಾಗುವ ಕಸಿವಿಸಿ ನಮಗೆ ಗೊತ್ತು.

ಗೊತ್ತಿದ್ದೂ ನಾವು ನಮ್ಮ ನೆರೆಯ ಸೋಲಿಗರಿಗೆ ಮಾಡುವುದೇನು? ಗಡಿನಾಡಿನ ಕನ್ನಡ ಸಮಾರಂಭಗಳಲ್ಲಿ ಅವರ ಹಾಡು, ಕುಣಿತ ಮೆರವಣಿಗೆಗೆ ಬೇಕು. ಗೋಷ್ಠಿಯ ಪಟ್ಟಿಯಲ್ಲಿ ಅವರ ಹೆಸರು ಹುಡುಕಿದರೆ ಸಿಗುವುದು ಕಷ್ಟ. ಕಾಡಿನ ಗೆಣಸು, ಜೇನು, ಮರಗಳ ಬಗ್ಗೆ ಅವರಷ್ಟು ಬಲ್ಲವರು ಈ ಸೀಮೆಯಲ್ಲಿ ಯಾರಿದ್ದಾರೆ? ಅವರಾಡುವ ಸೋಲಿಗ ನುಡಿಯು ಕನ್ನಡಕ್ಕೆ ನೆಂಟ ನುಡಿ. ಅದನ್ನು ಆಲಿಸದ ಕನ್ನಡ ಸಮ್ಮೇಳನವು ತನ್ನ ಮನೆಯ ಒಂದು ಕೋಣೆಗೆ ತಾನೇ ಬೀಗ ಹಾಕಿದಂತೆ.

ಆದುದರಿಂದ ಮುಂದಿನ ಸಮಾವೇಶಗಳ ಕಾರ್ಯಕಾರಿ ಸಮಿತಿಗೆ ನಮ್ಮ ವಿನಂತಿ ಮೂರು. ಸೋಲಿಗರೂ ಸಿದ್ದಿಯರೂ ಬರುವುದಾದರೆ, ತಾವು ಏನನ್ನು ತೋರಿಸಬೇಕು, ಏನನ್ನು ಹೇಳಬೇಕೆಂಬುದನ್ನು ಅವರೇ ಆರಿಸಲಿ. ಕುಣಿದವರು ಅದೇ ದಿನ ಗೋಷ್ಠಿಯಲ್ಲಿಯೂ ಕುಳಿತು ಮಾತನಾಡಲಿ. ಅವರ ಮಾತು ಸ್ಮರಣ ಸಂಚಿಕೆಯಲ್ಲಿ ಅವರ ಹೆಸರಿನಲ್ಲೇ ಅಚ್ಚಾಗಲಿ. ಸಮಾವೇಶಕ್ಕೆ ಮೊದಲೇ ನಮ್ಮ ಶಾಲೆಗಳಲ್ಲಿ ಮಲಿಕ್ ಅಂಬರನ ಪಾಠವೂ ಮಂಚೀಕೇರಿಯ ಕಥೆಯೂ ನಡೆದಿರಲಿ. ಇಷ್ಟಾದರೆ ಮೆರವಣಿಗೆಯಲ್ಲಿ ಡಮಾಮಿ ಮೊಳಗಿದಾಗ ನಮ್ಮ ಮಕ್ಕಳು, ಬಾರಿಸುತ್ತಿರುವವರು ಯಾರೆಂದು ತಿಳಿದು ಚಪ್ಪಾಳೆ ತಟ್ಟಿಯಾರು.