ಸಜ್ಜ ಇಲ್ಲದ ಸಂಪ್ರದಾಯ

ಮನೆ ಕಟ್ಟಿಸುವವರ ಬಾಯಲ್ಲಿ ಈಗ ‘ಸ್ಲೈಡಿಂಗ್ ಬೇಡ, ಹಳೇ ಕಾಲದ ಥರ ಬಾಗಿಲು ತೆಗೆಯೋ ಕಿಟಕಿ ಇರಲಿ’ ಎಂಬ ಮಾತು ಮತ್ತೆ ಕೇಳಿಬರುತ್ತಿದೆ. ಇದಕ್ಕೆ ಕಾರಣಗಳಿವೆ. ಅಲ್ಯೂಮಿನಿಯಂ ಹಳಿಯಲ್ಲಿ ಕೂರುವ ಮಣ್ಣು, ಸವೆದು ಕಿರುಗುಡುವ ಚಕ್ರ, ಜೋರು ಮಳೆಗೆ ಹಳಿಯಲ್ಲಿ ನಿಂತು ಒಳಕ್ಕೆ ಹರಿಯುವ ನೀರು, ಇವೆಲ್ಲ ಒಂದು ತಲೆಮಾರನ್ನು ಸಾಕಷ್ಟು ಕಾಡಿವೆ. ವ್ಯಾಪಾರಿಗಳಿಗೆ ಈ ಬೇಸರ ಚೆನ್ನಾಗಿ ಅರ್ಥವಾಗಿದೆ. ಶೋರೂಮಿಗೆ ಹೋದರೆ ಮರದ ನಾರು ಮೂಡಿಸಿದ ಯುಪಿವಿಸಿ ಚೌಕಟ್ಟು, ಗಾಜಿನ ಮೇಲೆ ಚೌಕಚೌಕವಾಗಿ ಪಟ್ಟಿ, ಹಿತ್ತಾಳೆ ಬಣ್ಣದ ಹಿಡಿ, ಮೇಲೊಂದು ಕಮಾನು ಎಲ್ಲವೂ ‘ಟ್ರೆಡಿಷನಲ್’ ಹೆಸರಿನಲ್ಲಿ ಸಾಲಾಗಿ ನಿಂತಿರುತ್ತವೆ. ಅವುಗಳಲ್ಲಿ ಹೆಚ್ಚಿನವು ಹಳೆಯ ಕಿಟಕಿಯ ನೋಟವನ್ನು ತಂದಿವೆ, ಅದರ ಕೆಲಸವನ್ನು ತಂದಿಲ್ಲ. ನೋಟಕ್ಕೆ ದುಡ್ಡು ಕೊಡುವ ಮೊದಲು ಆ ಕೆಲಸ ಏನಾಗಿತ್ತು ಎಂದು ನೋಡಬೇಕು.

ಹಳೇ ಮೈಸೂರಿನ ಊರುಗಳಲ್ಲಿ, ಬಸವನಗುಡಿ ಮತ್ತು ಮಲ್ಲೇಶ್ವರಂನಲ್ಲಿ ಇನ್ನೂ ಉಳಿದಿರುವ ಕೆಲವು ಮನೆಗಳಲ್ಲಿ ನಾಲ್ಕು ಕದದ ಕಿಟಕಿ ಕಾಣಸಿಗುತ್ತದೆ. ಚೌಕಟ್ಟಿನ ನಡುವೆ ಒಂದು ಅಡ್ಡಪಟ್ಟಿ. ಅದರ ಮೇಲೆ ಎರಡು ಗಿಡ್ಡ ಕದ, ಕೆಳಗೆ ಎರಡು ಗಿಡ್ಡ ಕದ. ಒಳಗೆ ಉದ್ದಕ್ಕೆ ನಿಲ್ಲಿಸಿದ ಕಬ್ಬಿಣದ ಸರಳು. ಇಷ್ಟೇ. ಆದರೆ ಆ ಅಡ್ಡಪಟ್ಟಿ ಮಾಡುವ ಕೆಲಸ ದೊಡ್ಡದು. ಕೆಳಗಿನ ಎರಡನ್ನು ಮುಚ್ಚಿ ಮೇಲಿನೆರಡನ್ನು ತೆರೆದರೆ ಬೀದಿಯಲ್ಲಿ ಹೋಗುವವರಿಗೆ ಒಳಗಿನವರು ಕಾಣುವುದಿಲ್ಲ, ಒಳಗಿನವರಿಗೆ ಬೆಳಕು ತಪ್ಪುವುದಿಲ್ಲ. ಮೇಲೆ ಸೇರಿದ ಬಿಸಿಗಾಳಿ ಅಲ್ಲಿಂದಲೇ ಹೊರಬೀಳುತ್ತದೆ. ಕಿಟಕಿ ನೆಲಕ್ಕೆ ಹತ್ತಿರವಿದ್ದ ಮನೆಗಳಲ್ಲಿ ಚಾಪೆ ಹಾಸಿ ಮಲಗಿದವರು ಕೆಳಗಿನ ಕದ ತೆರೆದರೆ ಗಾಳಿ ನೇರವಾಗಿ ಮೈಗೆ ತಾಗುತ್ತಿತ್ತು. ಪರದೆ, ಬ್ಲೈಂಡು, ಎಕ್ಸಾಸ್ಟ್ ಫ್ಯಾನು ಎಂದು ನಾವು ಇಂದು ಬೇರೆಬೇರೆಯಾಗಿ ಕೊಳ್ಳುವುದನ್ನು ಆ ಒಂದು ಪಟ್ಟಿ ಸುಮ್ಮನೆ ಕೊಡುತ್ತಿತ್ತು.

ಇನ್ನೊಂದು ಲಾಭ ಬಡಗಿಗಳಿಗೆ ಗೊತ್ತು, ಮನೆಯವರ ಗಮನಕ್ಕೆ ಬರುವುದು ಕಡಿಮೆ. ಕದದ ಭಾರವೆಲ್ಲ ಒಂದು ಮಗ್ಗುಲಿನ ಹಿಂಜುಗಳ ಮೇಲೆ ಜೋತು ಬೀಳುತ್ತದೆ. ಕದ ಅಗಲವಾದಷ್ಟೂ ಭಾರವಾದಷ್ಟೂ ಅದರ ಹೊರಮೂಲೆ ಕೆಳಕ್ಕೆ ಕುಸಿಯುತ್ತದೆ. ಆಮೇಲೆ ಚಿಲಕ ತೂತಿಗೆ ಕೂರುವುದಿಲ್ಲ, ಮುಚ್ಚುವಾಗ ಎತ್ತಿ ಹಿಡಿದು ತಳ್ಳಬೇಕಾಗುತ್ತದೆ. ಒಂದೂವರೆ ಅಡಿ ಅಗಲ, ಎರಡಡಿ ಎತ್ತರದ ಹಗುರ ಕದಕ್ಕೆ ಈ ರೋಗ ಬರುವುದು ಕಡಿಮೆ. ನಾಲ್ಕರಲ್ಲಿ ಒಂದು ಕೆಟ್ಟರೆ ಅದೊಂದನ್ನು ಬಿಚ್ಚಿ ಸರಿಮಾಡಿದರಾಯಿತು.

ಈಗ ಮಾರುವ ಸಾಂಪ್ರದಾಯಿಕ ಶೈಲಿಯಲ್ಲಿ ಈ ಅಡ್ಡಪಟ್ಟಿಯೇ ಮಾಯ! ನಾಲ್ಕೈದು ಅಡಿ ಎತ್ತರದ ಎರಡು ಕದ, ಪೂರ್ತಿ ಗಾಜು. ಗಾಜಿನ ಮೇಲೆ ಅಂಟಿಸಿದ ಸಣ್ಣ ಪಟ್ಟಿಗಳು ಮಾತ್ರ ಹಳೆಯದನ್ನು ನೆನಪಿಸಬೇಕು. ಅವು ಮೊದಲು ಅಲಂಕಾರಕ್ಕೆ ಬಂದವಲ್ಲ. ಕರಗಿದ ತವರದ ಮೇಲೆ ಗಾಜನ್ನು ತೇಲಿಸಿ ದೊಡ್ಡ ಹಾಳೆ ತೆಗೆಯುವ ವಿಧಾನವನ್ನು ಇಂಗ್ಲೆಂಡಿನ ಪಿಲ್ಕಿಂಗ್ಟನ್ ಕಂಪನಿ ಜಗತ್ತಿಗೆ ತಿಳಿಸಿದ್ದು 1959ರಲ್ಲಿ. ಅದಕ್ಕಿಂತ ಹಿಂದೆ ದೊಡ್ಡದಾಗಿಯೂ ಸಪಾಟಾಗಿಯೂ ಇರುವ ಗಾಜು ಬಲು ದುಬಾರಿ. ಅದಕ್ಕೇ ಸಣ್ಣ ತುಂಡುಗಳನ್ನು ಮರದ ಪಟ್ಟಿಗಳ ನಡುವೆ ಕೂರಿಸಿ ಪುಟ್ಟಿ ಮೆತ್ತುತ್ತಿದ್ದರು. ಹುಡುಗರ ಚೆಂಡು ತಾಗಿದರೆ ಒಂದು ಚೌಕ ಒಡೆಯುತ್ತಿತ್ತು, ಅಂಗಡಿಯಿಂದ ಅದೇ ಅಳತೆಯ ತುಂಡು ತಂದು ಕೂರಿಸಿದರೆ ಮುಗಿಯಿತು. ಅಂಟು ಪಟ್ಟಿಯ ಕಿಟಕಿಯಲ್ಲಿ ಒಂದು ಮೂಲೆ ಸೀಳಿದರೂ ಇಡೀ ಗಾಜು ಬದಲಾಗಬೇಕು, ಪಟ್ಟಿಗಳಿಗೆ ಮತ್ತೆ ದುಡ್ಡು ಕೊಡಬೇಕು. ಒರೆಸುವಾಗ ಆ ಮೂಲೆಗಳಲ್ಲಿ ಕೂರುವ ಧೂಳಂತೂ ಬೇರೆಯ ಮಾತು. ಚೆಂದ ಕಾಣುತ್ತದೆ ಎಂದು ಹಾಕಿಸಿಕೊಳ್ಳುವವರನ್ನು ನಾನು ತಡೆಯುವುದಿಲ್ಲ, ಆದರೆ ಇಡೀ ಖರೀದಿಯಲ್ಲಿ ಮೊದಲು ಕೈಬಿಡಬಹುದಾದ ಖರ್ಚು ಇದೇ.

ಗಾಜಿನದು ಸಣ್ಣ ತಕರಾರು. ದೊಡ್ಡ ತಕರಾರು ಇರುವುದು ಕಿಟಕಿಯ ಮೇಲುಗಡೆ.

ಹೊರಕ್ಕೆ ತೆರೆಯುವ ಕದ ಮಳೆಯಲ್ಲಿ ನಿಲ್ಲುವ ಕದ. ನಾಲ್ಕಡಿ ಅಗಲದ ಕಿಟಕಿಯಲ್ಲಿ ಒಂದೊಂದು ಕದವೂ ಹೆಚ್ಚುಕಡಿಮೆ ಎರಡಡಿ. ನೇರವಾಗಿ ತೆರೆದಾಗ ಗೋಡೆಯಿಂದ ಎರಡಡಿ ಮುಂದಕ್ಕೆ ಚಾಚುತ್ತದೆ. ಹಾಗಿದ್ದರೆ ಅದರ ನೆತ್ತಿ ಕಾಯುವ ಸಜ್ಜ ಎಷ್ಟಿರಬೇಕು? ಕನಿಷ್ಠ ಎರಡಡಿ, ಪಕ್ಕಕ್ಕೂ ಒಂದಷ್ಟು ಚಾಚಿರಬೇಕು. ನಮ್ಮ ಹಿಂದಿನ ತಲೆಮಾರಿನ ಮೇಸ್ತ್ರಿಗಳು ಲಿಂಟಲ್ ಹಾಕುವಾಗಲೇ ಎರಡಡಿ ಸಜ್ಜವನ್ನು ಕೇಳದೆಯೇ ಎರಕ ಹಾಕಿಬಿಡುತ್ತಿದ್ದರು. ಈಗಿನ ಎಲಿವೇಶನ್ ಚಿತ್ರಗಳಲ್ಲಿ ಸಜ್ಜಕ್ಕೆ ಜಾಗವಿಲ್ಲ. ಗೋಡೆ ಪೆಟ್ಟಿಗೆಯಂತೆ ನುಣುಪಾಗಿ ಮೇಲೆ ಹೋಗಬೇಕು, ಕಿಟಕಿಯ ಸುತ್ತ ನಾಲ್ಕಿಂಚಿನ ಕಲ್ಲಿನ ಅಂಚು ಸಾಕು ಎನ್ನುತ್ತಾರೆ. ಅಂಥ ಗೋಡೆಗೆ ತೇಗದ ಕಿಟಕಿ ಕೂರಿಸುವುದು ಕಾಸು ಕೊಟ್ಟು ಮರವನ್ನು ನೆನೆಹಾಕುವ ಕೆಲಸ. ಕದದ ಮೇಲಂಚಿನಲ್ಲಿ ಮರದ ಕಡಿದ ತುದಿ ಇರುತ್ತದೆ, ನೀರು ಹೀರುವುದು ಅಲ್ಲಿಂದಲೇ. ನೀರು ಹೀರಿ ಊದಿದ ಕದ ಮುಂಗಾರಿನಲ್ಲಿ ಮುಚ್ಚುವುದಿಲ್ಲವೆಂದು ಬಡಗಿಯನ್ನು ಕರೆಸಿ ರಂದ ಹೊಡೆಸುತ್ತೇವೆ. ಬೇಸಗೆಯಲ್ಲಿ ಮರ ಒಣಗಿ ಕುಗ್ಗುತ್ತದೆ, ಆಗ ಅದೇ ಕದದ ನಡುವೆ ಬೆರಳು ತೂರುವಷ್ಟು ಸಂದು. ಬೈಗುಳ ಮಾತ್ರ ಮರಕ್ಕೆ.

ಮಲೆನಾಡಿನ ಮನೆಗಳಲ್ಲಿ ಕಿಟಕಿ ಉಳಿದದ್ದು ಮರ ಗಟ್ಟಿಯೆಂಬ ಒಂದೇ ಕಾರಣಕ್ಕಲ್ಲ. ಆಗುಂಬೆಯಲ್ಲಿ ವರ್ಷಕ್ಕೆ ಏಳು ಸಾವಿರ ಮಿಲಿಮೀಟರಿಗೂ ಹೆಚ್ಚು ಮಳೆ. ಅಂಥ ಸೀಮೆಯಲ್ಲಿ ಹೆಂಚಿನ ಮಾಡು ಗೋಡೆಯನ್ನು ದಾಟಿ ತಗ್ಗಿಗೆ ಇಳಿದಿರುತ್ತದೆ, ಅದರ ಕೆಳಗೆ ಜಗಲಿ, ಜಗಲಿಯಾಚೆ ಗೋಡೆ, ಆ ಗೋಡೆಯಲ್ಲಿ ಕಿಟಕಿ. ಎರಚಲು ಅಷ್ಟು ದೂರ ಬರುವುದು ಅಪರೂಪ. ಬೆಂಗಳೂರಿನ ಹಳೆಯ ಬಂಗಲೆಗಳ ‘ಮಂಕಿ ಟಾಪ್’ ನೋಡಿ. ಕಿಟಕಿಯ ಮೇಲೆ ಚೂಪು ತುದಿಯ ಮಾಡು, ಅದರ ಮುಂದೆ ಮರದ ಪಟ್ಟಿಗಳ ಜಾಲರಿ. ಅಲಂಕಾರವೆಂದು ಅದರ ಫೋಟೋ ತೆಗೆಯುತ್ತೇವೆ. ಬಿಸಿಲು ಮಳೆ ಎರಡನ್ನೂ ತಡೆದು ಗಾಳಿಯನ್ನು ಮಾತ್ರ ಒಳಗೆ ಬಿಡುವ ಉಪಾಯ ಅದು. ಇವತ್ತು ಅದನ್ನೂ ಸಣ್ಣದು ಮಾಡಿ ಗೋಡೆಗೆ ಅಂಟಿಸುವವರಿದ್ದಾರೆ, ಒಂದು ಹನಿಯನ್ನೂ ತಡೆಯಲಾರದಷ್ಟು ಸಣ್ಣದು.

ಇಷ್ಟು ಹೇಳಿದ ಮೇಲೆ ಈ ಕಿಟಕಿಯ ನಿಜವಾದ ಗುಣವನ್ನೂ ಹೇಳಬೇಕು. ಗಾಳಿಯ ಲೆಕ್ಕದಲ್ಲಿ ಸ್ಲೈಡಿಂಗ್ ಇದರ ಹತ್ತಿರ ಬರುವುದಿಲ್ಲ. ರಾಷ್ಟ್ರೀಯ ಕಟ್ಟಡ ಸಂಹಿತೆಯ ಪ್ರಕಾರ ಕೋಣೆಯ ಕಿಟಕಿ ತೆರಪು ಒಣ ಬಿಸಿಯ ಪ್ರದೇಶದಲ್ಲಿ ನೆಲದ ವಿಸ್ತೀರ್ಣದ ಹತ್ತನೇ ಒಂದು ಭಾಗ, ತೇವದ ಬಿಸಿಯ ಪ್ರದೇಶದಲ್ಲಿ ಆರನೇ ಒಂದು ಭಾಗವಾದರೂ ಇರಬೇಕು. ಬಯಲುಸೀಮೆಯ ಹಳೆಯ ಮನೆಗಳಲ್ಲಿ ದಪ್ಪ ಗೋಡೆಗೆ ಸಣ್ಣ ಕಿಟಕಿ, ಮಾಳಿಗೆಯಲ್ಲೊಂದು ಬೆಳಕಿಂಡಿ ಇರುವುದೂ, ಕರಾವಳಿಯಲ್ಲಿ ಕಿಟಕಿಗಳ ಸಾಲೇ ಇರುವುದೂ ಈ ಲೆಕ್ಕಕ್ಕೆ ಹೊಂದುತ್ತದೆ. ಮಂಗಳೂರಿನಲ್ಲಿ ಹತ್ತಡಿಗೆ ಹನ್ನೆರಡಡಿಯ ಕೋಣೆ ಎಂದರೆ 120 ಚದರಡಿ. ಅದಕ್ಕೆ 20 ಚದರಡಿ ತೆರಪು ಬೇಕು. ನಾಲ್ಕಡಿಯ ಚೌಕ ಕಿಟಕಿ ಎರಡಿದ್ದರೆ 32 ಚದರಡಿ. ಬಾಗಿಲಿನ ಕಿಟಕಿಯಾದರೆ ಚೌಕಟ್ಟು ಕಳೆದು ಹೆಚ್ಚುಕಡಿಮೆ ಅಷ್ಟೂ ತೆರೆಯುತ್ತದೆ. ಎರಡು ಹಳಿಯ ಸ್ಲೈಡಿಂಗ್ ಆದರೆ ಅರ್ಧ ಯಾವಾಗಲೂ ಮುಚ್ಚಿಯೇ ಇರುತ್ತದೆ, ಸಿಗುವುದು 16. ಸೆಕೆಯ ಊರಿನಲ್ಲಿ ಈ ವ್ಯತ್ಯಾಸ ರಾತ್ರಿ ನಿದ್ದೆಯಲ್ಲಿ ಗೊತ್ತಾಗುತ್ತದೆ. ಜೊತೆಗೆ ಗಾಳಿ ಗೋಡೆಯ ಉದ್ದಕ್ಕೆ ಬೀಸುವಾಗ ತೆರೆದ ಕದ ಅದಕ್ಕೆ ಅಡ್ಡ ನಿಂತು ಒಳಕ್ಕೆ ತಿರುಗಿಸುತ್ತದೆ. ಯಾವ ಮಗ್ಗುಲಿನ ಕದ ತೆರೆಯಬೇಕೆಂದು ಮನೆಯ ಹಿರಿಯರಿಗೆ ಗೊತ್ತಿರುತ್ತದೆ.

ಹಾಗೆಂದು ಇದನ್ನು ಎಲ್ಲ ಮನೆಗೂ ಹೇಳಲಾರೆ. ಮೂವತ್ತು-ನಲವತ್ತರ ಸೈಟಿನಲ್ಲಿ ಪಕ್ಕದ ಓಣಿ ಮೂರಡಿ ಇದ್ದರೆ ಹೆಚ್ಚು. ಅಲ್ಲಿ ಎರಡಡಿಯ ಕದ ಹೊರಕ್ಕೆ ತೆರೆದರೆ ಗ್ಯಾಸ್ ಸಿಲಿಂಡರ್ ಹೊತ್ತು ಬರುವವನ ಹಣೆಗೆ ಬಡಿಯುತ್ತದೆ. ಅಂಥ ಓಣಿಗೆ ಸ್ಲೈಡಿಂಗೇ ಸರಿ. ಹಳೇ ಕಾಲದ ಹಟ ಬೇಡ.

ಸೊಳ್ಳೆ ಜಾಲರಿಯ ಪ್ರಶ್ನೆ ಇನ್ನೂ ತೊಡಕಿನದು. ಕದ ಹೊರಗೆ, ನಡುವೆ ಗ್ರಿಲ್, ಹಾಗಾದರೆ ಜಾಲರಿ ಎಲ್ಲಿ? ಮರದ ಕೆಲಸದವರು ಇದಕ್ಕೆ ಬಹಳ ಹಿಂದೆಯೇ ಉತ್ತರ ಕಂಡುಕೊಂಡಿದ್ದಾರೆ: ಚೌಕಟ್ಟಿನ ಎರಡೂ ಅಂಚಿನಲ್ಲಿ ಕದ ಕೂರುವ ಕಚ್ಚು ತೆಗೆದು, ಹೊರಗೆ ಗಾಜಿನ ಕದ, ನಡುವೆ ಸರಳು, ಒಳಗೆ ಜಾಲರಿಯ ಕದ. ಇದಕ್ಕೆ ಐದಿಂಚು ಅಗಲದ ಚೌಕಟ್ಟಾದರೂ ಬೇಕು. ಆದರೆ ಹೊರಗಿನ ಕದ ಮುಚ್ಚಬೇಕಾದರೆ ಮೊದಲು ಜಾಲರಿ ತೆರೆದು, ಸರಳಿನ ನಡುವೆ ಕೈ ಹಾಕಬೇಕು. ಸಂಜೆ ಆರೂವರೆಗೆ ಸೊಳ್ಳೆಗಳು ಕಾಯುವುದು ಆ ಗಳಿಗೆಯನ್ನೇ. ಗ್ರಿಲ್ಲಿನ ಕಣ್ಣು ಸಣ್ಣದಿದ್ದರೆ ಕೈಯೇ ಹೋಗದು. ಯುಪಿವಿಸಿಯವರು ಸುರುಳಿ ಸುತ್ತುವ ಜಾಲರಿ ಕೊಡುತ್ತಾರೆ, ಮಕ್ಕಳ ಕೈಗೆ ಸಿಕ್ಕರೆ ಅದರ ಆಯಸ್ಸು ಹೇಳುವುದು ಕಷ್ಟ. ಮೂರು ಹಳಿಯ ಸ್ಲೈಡಿಂಗ್ ಈ ಒಂದು ವಿಷಯದಲ್ಲಿ ಗೆಲ್ಲುತ್ತದೆ, ಒಪ್ಪಿಕೊಳ್ಳಲೇಬೇಕು.

ಇನ್ನು ಮರವೋ ಪ್ಲಾಸ್ಟಿಕ್ಕೋ ಎಂಬ ಜಗಳ. ನಾಲ್ಕಡಿ ಚೌಕದ, ನಡುವೆ ಒಂದು ನಿಲುಗಂಬವಿರುವ ಕಿಟಕಿಗೆ ಐದು-ಮೂರಿಂಚಿನ ಮರ ಇಪ್ಪತ್ತಡಿ ಬೇಕು. ಅಂದರೆ ಎರಡು ಘನ ಅಡಿಗೆ ತುಸು ಹೆಚ್ಚು. ಕದಗಳೂ ಸೇರಿ, ಕೊಯ್ಯುವಾಗ ಹಾಳಾಗುವುದೂ ಸೇರಿ ಮೂರು ಘನ ಅಡಿಯ ಆಸುಪಾಸು. ತೇಗದ ದರ ವಿಚಾರಿಸಿ ಗುಣಿಸಿಕೊಂಡರೆ ಹತ್ತು ಕಿಟಕಿಯ ಮನೆಯ ಲೆಕ್ಕ ಎದೆಗೆ ತಾಗುತ್ತದೆ. ತೇಗವೇ ಆಗಬೇಕೆಂದಿಲ್ಲ. ಮಲೆನಾಡು, ಕರಾವಳಿಯಲ್ಲಿ ಬಲಿತ ಹಲಸು ತಲೆಮಾರುಗಳಿಂದ ಬಾಗಿಲು ಕಿಟಕಿಗಳಿಗೆ ಸಲ್ಲುತ್ತ ಬಂದಿದೆ. ಯಾವ ಮರವಾದರೂ ಒಣಗಿರಬೇಕು. ಹಸಿ ಮರದ ಕಿಟಕಿಗೆ ಯಾವ ಪಾಲಿಶ್ ಹೊಡೆದರೂ ಅದು ತಿರುಚುತ್ತದೆ. ತೇವಾಂಶ ಅಳೆಯುವ ಸಣ್ಣ ಮೀಟರುಗಳು ಸಿಗುತ್ತವೆ, ಶೇ. 12ರ ಆಸುಪಾಸಿನಲ್ಲಿದ್ದರೆ ನೆಮ್ಮದಿ. ಕದ ತೂಗುಹಾಕುವ ಮೊದಲೇ ಮೇಲಂಚು, ಕೆಳಅಂಚುಗಳಿಗೆ ಪ್ರೈಮರ್ ಹೊಡೆಸಿ. ಕಣ್ಣಿಗೆ ಕಾಣದ ಜಾಗವೆಂದು ಪೇಂಟರುಗಳು ಸಾಮಾನ್ಯವಾಗಿ ಬಿಟ್ಟುಬಿಡುವುದು ಅದನ್ನೇ.

ಯುಪಿವಿಸಿಯನ್ನು ಹಳಿಯುವುದು ಫ್ಯಾಷನ್ನಾಗಿದೆ, ನನಗೆ ಆ ಉಮೇದಿಲ್ಲ. ಗೆದ್ದಲು ತಿನ್ನುವುದಿಲ್ಲ, ಮಳೆಗೆ ಊದುವುದಿಲ್ಲ, ಉಪ್ಪುಗಾಳಿಗೆ ತುಕ್ಕು ಹಿಡಿಯುವುದಿಲ್ಲ. ಆದರೆ ಅದರ ಒಳಗಿನ ಉಕ್ಕಿನ ಪಟ್ಟಿ, ಹೊರಗಿನ ಹಿಂಜು, ತಿರುಪುಗಳಿಗೆ ಈ ಮಾತು ಸಲ್ಲುವುದಿಲ್ಲ; ಸಮುದ್ರಕ್ಕೆ ಹತ್ತಿರದವರು ಸ್ಟೇನ್‌ಲೆಸ್ ಸ್ಟೀಲನ್ನೇ ಕೇಳಬೇಕು. ಮೂಲೆಗಳನ್ನು ಕಾಯಿಸಿ ಬೆಸೆದಿರುವುದರಿಂದ ಒಂದು ಬಾಹು ಸೀಳಿದರೆ ಊರಿನ ಬಡಗಿ ಏನೂ ಮಾಡಲಾರ. ನನ್ನ ಆಕ್ಷೇಪ ಇರುವುದು ಮರದ ನಾರಿನ ಫಿಲ್ಮಿನ ಬಗ್ಗೆ. ಕಡುಗಂದು ಬಣ್ಣ ಬಿಸಿಲನ್ನು ಬಿಳಿಗಿಂತ ಹೆಚ್ಚು ಹೀರುತ್ತದೆ. ಕಲಬುರಗಿ, ರಾಯಚೂರಿನ ಪಡುವಣ ಗೋಡೆಯಲ್ಲಿ ಇದು ಸಣ್ಣ ಮಾತಲ್ಲ. ಬಿಳಿ ಯುಪಿವಿಸಿ ತಾನು ಪ್ಲಾಸ್ಟಿಕ್ಕೆಂದು ಮುಚ್ಚಿಡುವುದಿಲ್ಲ, ಅದು ಅಗ್ಗವೂ ಹೌದು.

ಸರ್ಕಾರಿ ಕ್ವಾರ್ಟರ್ಸುಗಳಲ್ಲಿ ಬೆಳೆದವರಿಗೆ ಮೂರನೆಯ ಬಗೆಯೊಂದು ನೆನಪಿರಬೇಕು: ತೆಳು ಉಕ್ಕಿನ ಚೌಕಟ್ಟು, ಪುಟ್ಟಿಯಲ್ಲಿ ಕೂತ ಗಾಜು, ತೂತುಗಳಿದ್ದ ಕಬ್ಬಿಣದ ಕಡ್ಡಿ. ಇಂಗ್ಲೆಂಡಿನ ಎಸೆಕ್ಸ್‌ನಲ್ಲಿ ಕ್ರಿಟ್ಟಾಲ್ ಕಂಪನಿ 1884ರಲ್ಲಿ ತಯಾರಿಸಲು ತೊಡಗಿದ ಲೋಹದ ಕಿಟಕಿಗಳ ದೂರದ ನೆಂಟರು ಅವು. ನಮ್ಮಲ್ಲಿ ಅವಕ್ಕೆ ಐಎಸ್ 1038 ಎಂಬ ಮಾನಕವೇ ಇದೆ. ಒಣ ಊರಿನಲ್ಲಿ, ತುಕ್ಕು ಉಜ್ಜಿ ಬಣ್ಣ ಹೊಡೆಯುವ ಶ್ರದ್ಧೆಯಿದ್ದರೆ, ಮಧ್ಯಮ ವರ್ಗದ ಮನೆಗೆ ಅದಕ್ಕಿಂತ ಮರ್ಯಾದಸ್ತ ಕಿಟಕಿ ಕಡಿಮೆ.

ಕಿಟಕಿ ಗೋಡೆಗಿಂತ ಎಷ್ಟೋ ಪಟ್ಟು ದುಬಾರಿ ಎಂದು ವಾಸ್ತುಶಿಲ್ಪಿ ಲಾರಿ ಬೇಕರ್ ಮತ್ತೆ ಮತ್ತೆ ಎಚ್ಚರಿಸುತ್ತಿದ್ದರು. ಬೆಳಕು ಗಾಳಿಯಷ್ಟೇ ಬೇಕಾದ ಕಡೆ ಇಟ್ಟಿಗೆಯ ಜಾಲಿ ಸಾಕೆನ್ನುತ್ತಿದ್ದರು. ಚೌಕಟ್ಟೇ ಇಲ್ಲದೆ, ಒಂದೇ ಹಲಗೆಯನ್ನು ಮೇಲೆ ಕೆಳಗೆ ಗೂಟಕ್ಕೆ ಸಿಕ್ಕಿಸಿ ತಿರುಗಿಸುವ ಕಿಟಕಿಯನ್ನೂ ಮಾಡಿ ತೋರಿಸಿದರು. ಆ ಬುದ್ಧಿಯನ್ನು ನಾವು ಇಲ್ಲಿಗೂ ತರಬಹುದು. ಮನೆಯ ಹತ್ತೂ ಕಿಟಕಿ ತೇಗದ್ದಾಗಬೇಕಿಲ್ಲ. ಜಗಲಿಗೆ ತೆರೆಯುವ, ಕೂತು ಓದುವ, ಮಲಗುವ ಕೋಣೆಯ ಮೂರು ನಾಲ್ಕು ಕಿಟಕಿಗಳನ್ನು ಮರದಲ್ಲಿ, ನಾಲ್ಕು ಕದದಲ್ಲಿ ಸರಿಯಾಗಿ ಮಾಡಿಸಿ, ಉಳಿದವಕ್ಕೆ ಬಿಳಿ ಯುಪಿವಿಸಿಯೋ ಅಲ್ಯೂಮಿನಿಯಮ್ಮೋ ಹಾಕಿಸಿದರೆ ಮನೆಗೆ ಏನೂ ಕೊರತೆಯಾಗದು. ಹಳೆಯ ಮನೆ ಕೆಡವಿದ ಕಡೆಯ ಚೌಕಟ್ಟು ಸಿಕ್ಕರೆ ಇನ್ನೂ ಒಳ್ಳೆಯದು. ಅದು ಕುಗ್ಗುವುದನ್ನೆಲ್ಲ ಆಗಲೇ ಕುಗ್ಗಿ ಮುಗಿಸಿರುತ್ತದೆ. ಗೋಡೆ ಏಳುವ ಮೊದಲೇ ಕೊಂಡು ಅದರ ಅಳತೆಗೆ ತೆರಪು ಬಿಡಿಸಬೇಕು, ತಿರುಗುಮುರುಗಾದರೆ ಚೌಕಟ್ಟನ್ನು ಕೊಯ್ಯಬೇಕಾಗುತ್ತದೆ. ಹಳೆಯ ಕಿಟಕಿಗಳನ್ನು ಗೋಡೆ, ಮಾಡು, ಜಗಲಿಯ ಸಮೇತ ನೋಡಬೇಕೆಂದರೆ ವಿಜಯನಾಥ ಶೆಣೈಯವರು ಮಣಿಪಾಲದಲ್ಲಿ ಕಟ್ಟಿದ ಹಸ್ತಶಿಲ್ಪ ಪಾರಂಪರಿಕ ಗ್ರಾಮಕ್ಕೆ ಹೋಗಿ ಬನ್ನಿ. ಬೇರೆಬೇರೆ ಊರುಗಳಿಂದ ಬಿಚ್ಚಿ ತಂದು ನಿಲ್ಲಿಸಿದ ಮನೆಗಳು ಅಲ್ಲಿವೆ. ಶೋರೂಮಿಗೆ ಹೋಗುವುದು ಆಮೇಲಾಗಲಿ.

ಅದಕ್ಕೂ ಮೊದಲು ನಿಮ್ಮ ಇಂಜಿನಿಯರು ಕೊಟ್ಟ ನಕ್ಷೆಯಲ್ಲಿ ಸೆಕ್ಷನ್ ತೆಗೆದು ಕಿಟಕಿಯ ಮೇಲಿನ ಗೆರೆಯನ್ನು ಅಳೆಯಿರಿ. ಎರಡಡಿ ಸಜ್ಜ ಇಲ್ಲದಿದ್ದರೆ ಮರದ ಕಿಟಕಿಗೆ ಮುಂಗಡ ಕೊಡಬೇಡಿ.